ಎಲೆಯಲ್ಲಿ ಕಟ್ಟಿಟ್ಟ ಗುಳಿಗೆ

ಮೊಮ್ಮಗಳು ಹುಟ್ಟಿದಳು. ಮಗಳು ಕಣ್ಣು ಬಿಟ್ಟು ನೀರು ಕೇಳಿದಳು. ಈ ಎರಡು ಮಾತನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಅವತ್ತು ಬೆಳಿಗ್ಗೆ ಸವಣೂರಿನ ದವಾಖಾನೆಯ ಪಡಸಾಲೆಯಲ್ಲಿ ನಿಂತು, ಬಂದವರಿಗೆ ಹೋದವರಿಗೆಲ್ಲ ನಾನು ಹೇಳಿದ್ದು ಇವೆರಡೇ. ಕಸ ಗುಡಿಸುವ ಅಕ್ಕನಿಗೆ ಹೇಳಿದೆ. ಹಲ್ಲುನೋವೆಂದು ಗಲ್ಲಕ್ಕೆ ವಸ್ತ್ರ ಕಟ್ಟಿಕೊಂಡು ಕೂತಿದ್ದ ತಡಸದ ಹಿರಿಯರೊಬ್ಬರಿಗೂ ಹೇಳಿದೆ. ಪಾಪ, ಅವರು ಬಾಯಿ ತೆರೆಯಲಾರದೆ ಎರಡೂ ಕೈ ಎತ್ತಿ ಹರಸಿದರು.

ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು. ನನ್ನ ಕೆಲಸ ವೀಳ್ಯದೆಲೆಯ ಬಳ್ಳಿ ಕಟ್ಟುವುದು, ಎಲೆ ಕೊಯ್ದು ಕಟ್ಟು ಮಾಡಿ ಹಾನಗಲ್ಲಿಗೂ ಶಿಗ್ಗಾಂವಿಗೂ ಒಯ್ದು ಕೊಡುವುದು. ಬರವಣಿಗೆ ನನ್ನದಲ್ಲ. ಆದರೂ ಎಂಬತ್ತನೇ ಇಸವಿಯ ಆಚೀಚಿನ ಆ ವರ್ಷದ ಸಂತೋಷ ಇನ್ನೂ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಸ್ವಲ್ಪ ಹೊರಗೆ ಚೆಲ್ಲಲಿ ಎಂದು ಬರೆಯುತ್ತಿದ್ದೇನೆ.

ಮಗಳನ್ನು ಹಂಸಭಾವಿಗೆ ಕೊಟ್ಟಿದ್ದೆವು. ಮದುವೆಯಾಗುವಾಗ ಬಾಗಿಲು ತುಂಬುವಂಥ ಹುಡುಗಿ. ಅದಾಗಿ ಸ್ವಲ್ಪ ದಿನಕ್ಕೆ ಹೊಟ್ಟೆಯಲ್ಲಿ ಹುಣ್ಣಾಗಿ, ಹುಣ್ಣು ಒಡೆದು, ಹುಬ್ಬಳ್ಳಿಯ ದವಾಖಾನೆಯಲ್ಲಿ ಕೊಯ್ದು ಹೊಟ್ಟೆಯ ಅರ್ಧಕ್ಕೂ ಹೆಚ್ಚು ತೆಗೆದುಹಾಕಬೇಕಾಯಿತು. ಜೀವ ಉಳಿಯಿತು, ಮೈ ಇಳಿಯಿತು. ಅವಳ ಹಳೆಯ ಕುಬಸಗಳನ್ನು ನನ್ನ ಹೆಂಡತಿ ಎರಡೆರಡು ಸಲ ಬಿಚ್ಚಿ ಹೊಲಿದಳು. ಊಟವೆಂದರೆ ಒಂದು ಹಿಡಿ. ಹೋಳಿಗೆ ತಿಂದರೆ ಬೆವರು ಕಿತ್ತು, ತಲೆ ತಿರುಗಿ, ಗೋಡೆ ಹಿಡಿದು ನಿಲ್ಲುವಳು. ಉಳಿದ ಚಿಕ್ಕ ಹೊಟ್ಟೆಗೆ ಅನ್ನದೊಳಗಿನ ಸತ್ವ ಹೀರುವ ಶಕ್ತಿ ಸಾಲದು, ಆದ್ದರಿಂದ ಬದುಕಿರುವ ತನಕ ದಿನಾ ಗುಳಿಗೆ, ತಿಂಗಳಿಗೊಂದು ಇಂಜೆಕ್ಷನ್ ಎಂದು ಹುಬ್ಬಳ್ಳಿಯಲ್ಲಿ ಹೇಳಿ ಕಳಿಸಿದ್ದರು.

ಹೀಗಿರುವಾಗ ಅವಳು ಬಸುರಾದಳು. ನಮ್ಮ ಸವಣೂರಿನಲ್ಲಿ ಹೆಣ್ಣು ಡಾಕ್ಟರು ಇದ್ದುದರಿಂದ, ಬಸುರಿಗೆ ಮಾಡುವ ಕುಬಸದ ಶಾಸ್ತ್ರಕ್ಕೂ ಕಾಯದೆ ಮೊದಲೇ ತವರಿಗೆ ಕರೆತಂದೆವು. ಬಿಟ್ಟುಹೋಗಲು ಬಂದ ಅವಳ ಅತ್ತೆ ಹೊಸ್ತಿಲಲ್ಲಿ ನಿಂತು ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಬೀಗರ, ಕೂಸು ಆಮ್ಯಾಲ ನೋಡೂಣ್ರಿ. ನನಗ ಈಕಿ ಬೇಕು."

ನಾವೆಲ್ಲ ಡಾಕ್ಟರ್ ಬಾಯಿ ಎಂದು ಕರೆಯುತ್ತಿದ್ದ ಅವರು ಮೈಸೂರು ಕಡೆಯವರು. ಮಗಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು. ಒಳಗೆ ಸುಲಿದ ಬೆಳ್ಳುಳ್ಳಿಯ ಬಣ್ಣ. "ರಕ್ತ ತುಂಬಾ ಕಮ್ಮಿ ಇದೆ, ಯಜಮಾನರೇ. ಹೀಗೇ ಇದ್ರೆ ಹೆರಿಗೇಲಿ ಹೋಗೋ ರಕ್ತವನ್ನ ಇವಳು ತಡ್ಕೊಳಲ್ಲ. ಗುಳಿಗೆ ಒಂದು ದಿನಾನೂ ತಪ್ಪಬಾರದು" ಎಂದರು. ಮೂರು ತರದವು: ಕೆಂಪು ಗುಳಿಗೆ ಕಬ್ಬಿಣದ್ದು, ಹಳದಿಯದು ವಿಟಮಿನ್ನು, ದೊಡ್ಡ ಬಿಳಿಯದು ಎಲುಬಿಗೆ.

ತಪ್ಪದಂತೆ ನೋಡುವ ಕೆಲಸ ನಾನು ಹಿಡಿದೆ. ನನಗೆ ಗೊತ್ತಿದ್ದದ್ದು ಎಲೆ, ಎಲೆಯಿಂದಲೇ ದಾರಿ ಮಾಡಿಕೊಂಡೆ. ಬೆಳಿಗ್ಗೆ ತೋಟಕ್ಕೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಎಳೆಯ ಎಲೆ ಕೊಯ್ದು ತರುವುದು. ಒಂದೊಂದು ಎಲೆಯಲ್ಲಿ ಒಂದೊಂದು ಗುಳಿಗೆ ಇಟ್ಟು, ಬಾಳೆಯ ನಾರಿನಿಂದ ಕಟ್ಟಿ ಗೋಡೆಯ ಗೂಡಿನಲ್ಲಿಡುವುದು. ನೀರು ಚಿಮುಕಿಸದ ಎಳೆ ಎಲೆ ನಮ್ಮ ಬಿಸಿಲಿಗೆ ಸಂಜೆಯೊಳಗೆ ಬಾಡುತ್ತದೆ. ಗೂಡಿನಲ್ಲಿ ಬಾಡಿದ ಕಟ್ಟು ಕಂಡರೆ ಗುಳಿಗೆ ನುಂಗಿಲ್ಲ ಎಂದೇ ಅರ್ಥ. ಒಂದಕ್ಷರ ಬಾರದ ನನ್ನ ಹೆಂಡತಿಗೂ ದೂರದಿಂದಲೇ ತಿಳಿಯುತ್ತಿತ್ತು.

ಸುದ್ದಿ ಹಾನಗಲ್ಲ ಸಂತೆಗೂ ಹೋಯಿತು. ಅಲ್ಲಿ ನನ್ನ ಪಕ್ಕ ಕೂತು ಬೆಲ್ಲ ಮಾರುವವನು, "ಏನ್ ಮಾವಾ, ಎಲಿಯಾಗ ಅಡಕಿ ಇಡೂದ ಬಿಟ್ಟು ಗುಳಿಗಿ ಇಡಾಕತ್ತೀಯಂತ. ನನಗೂ ಒಂದ ಕಟ್ಟಿಕೊಡು, ಮೊಣಕಾಲು ನೋಯಾಕತ್ತೇತಿ" ಎಂದ.

"ನಿನ್ನ ಮೊಣಕಾಲಿಗೆ ಗುಳಿಗಿ ಬ್ಯಾಡ. ಮನಿಗೆ ನಡಕೋಂತ ಹೋಗು, ಸಾಕು" ಎಂದೆ. ಅವನ ಮನೆ ಇದ್ದದ್ದು ಹತ್ತಾರು ಮೈಲಿ ಆಚೆಯ ಚಿಕ್ಕೇರೂರಿನಲ್ಲಿ.

ಎಲ್ಲ ಸರಿ ಇತ್ತು, ಕೆಂಪು ಗುಳಿಗೆಯೊಂದೇ ಮಗಳಿಗೆ ಒಗ್ಗುತ್ತಿರಲಿಲ್ಲ. ಅದರ ತುಕ್ಕಿನ ವಾಸನೆಗೇ ಓಕರಿಕೆ ಬರುತ್ತಿತ್ತು. ಅದಕ್ಕೆ ನನ್ನ ಹೆಂಡತಿ ಉಪಾಯ ಹುಡುಕಿದಳು. ಎಲೆ ಹೇಗೂ ಇತ್ತು. ಅದಕ್ಕೆ ಸುಣ್ಣ ಸವರಿ, ನಾಲ್ಕು ಅಡಿಕೆ ಚೂರು ಹಾಕಿ, ನಡುವೆ ಕೆಂಪು ಗುಳಿಗೆ ಇಟ್ಟು ಮಡಿಚಿ ಕೊಟ್ಟಳು. ಬಸುರಿಗೆ ಎಲೆ ಅಡಿಕೆ ಕೊಡುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ, ಸುಣ್ಣ ಎಲುಬಿಗೆ ಒಳ್ಳೆಯದೆಂಬ ನಂಬಿಕೆ ಬೇರೆ. ಮಗಳು ಎಲೆ ಜಗಿದು, ಗುಳಿಗೆಯನ್ನು ರಸದೊಂದಿಗೆ ನುಂಗಿದಳು. ಓಕರಿಕೆ ನಿಂತಿತು. ನಮಗೆಲ್ಲ ಸ್ವರ್ಗಕ್ಕೆ ಮೂರೇ ಗೇಣು.

ಮುಂದಿನ ಸಲ ದವಾಖಾನೆಗೆ ಹೋದಾಗ ಡಾಕ್ಟರ್ ಬಾಯಿ ರೆಪ್ಪೆ ಎಳೆದು ನೋಡಿದರು, ಬೆರಳು ಚುಚ್ಚಿ ರಕ್ತವನ್ನೂ ನೋಡಿಸಿದರು. ಒಂದು ಎಳ್ಳಿನಷ್ಟೂ ಏರಿರಲಿಲ್ಲ. "ನಿಜ ಹೇಳಮ್ಮ. ಗುಳಿಗೆ ಎಸೀತಿದ್ದೀಯಾ?" ಎಂದು ಮಗಳನ್ನು ಕೇಳಿದರು.

"ಹೆಂಗ ಒಗೀಲಿ ರಿ? ಅಪ್ಪ ನುಂಗೂ ತನಕಾ ಮುಂದ ಕುಂದರ್ತಾನ" ಎಂದಳು ಮಗಳು.

"ನಾಲಿಗೆ ಚಾಚು, ನೋಡೋಣ."

ಚಾಚಿದಳು. ರೆಪ್ಪೆಯೊಳಗೆ ಬೆಳ್ಳುಳ್ಳಿ, ನಾಲಿಗೆ ಮಾತ್ರ ದಾಸವಾಳ. ಡಾಕ್ಟರ್ ಬಾಯಿ ಬಗ್ಗಿ ನೋಡಿ, "ಇದೇನು?" ಎಂದರು.

ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು ಅಭಿಮಾನದಿಂದ ಹೇಳಿದಳು: "ನಾನ ಮಾಡಿಕೊಡ್ತೇನ್ರಿ ಬಾಯಾರ. ಎಲಿ, ಸುಣ್ಣ, ಅಡಕಿ, ನಟ್ಟನಡುವ ನಿಮ್ಮ ಗುಳಿಗಿ. ಒಂದ ಸಲಾನೂ ಕಾರಿಕೊಂಡಿಲ್ರಿ."

ಡಾಕ್ಟರ್ ಬಾಯಿ ಹಣೆಗೆ ಕೈ ಹಚ್ಚಿಕೊಂಡು ನಕ್ಕರು. ಬೈಯಲಿಲ್ಲ. "ಅಮ್ಮಾ, ಸುಣ್ಣ ಒಂದು ಕಡೆ, ಅಡಿಕೆ ಒಗರು ಇನ್ನೊಂದು ಕಡೆ, ಎರಡೂ ಸೇರಿ ಕಬ್ಬಿಣಾನ ಹಿಡ್ಕೊಂಡು ಬಿಡ್ತವೆ. ದೊಡ್ಡ ಹೊಟ್ಟೆಯೋರಿಗಾದ್ರೆ ಸ್ವಲ್ಪ ಉಳಿಯುತ್ತೆ. ಇವಳಿಗಿರೋದೇ ಇಷ್ಟು" ಎಂದು ಮುಷ್ಟಿ ಹಿಡಿದು ತೋರಿಸಿದರು. "ನೀವು ದಿನಾ ಕೊಟ್ಟಿದ್ದೀರಿ, ಅದು ದಿನಾ ಹಾಗೇ ಹೊರಗೆ ಹೋಗಿದೆ."

ಆಮೇಲೆ ಬಿಡಿಸಿ ಹೇಳಿದರು. ಕೆಂಪು ಗುಳಿಗೆ ಬೆಳಿಗ್ಗೆ, ಅದೊಂದನ್ನೇ, ನಿಂಬೆರಸದ ನೀರಿನ ಜೊತೆ. ಅದರ ಹಿಂದೆಮುಂದೆ ಚಹಾ ಇಲ್ಲ, ಹಾಲಿಲ್ಲ, ಎಲೆ ಅಡಿಕೆಯಂತೂ ಹೆರಿಗೆಯಾಗುವ ತನಕ ಬೇಡ. ಹಳದಿಯದು ಮಧ್ಯಾಹ್ನ ಊಟದ ಮೇಲೆ. ಬಿಳಿಯದು ದೀಪ ಹಚ್ಚುವ ಹೊತ್ತಿಗೆ. ಬರುವ ತಿಂಗಳಿಗೂ ರಕ್ತ ಏರದಿದ್ದರೆ ಹುಬ್ಬಳ್ಳಿಗೆ ಕಳಿಸುವುದು, ಅಲ್ಲಿ ಬೇರೆಯವರ ರಕ್ತ ಕೊಡಿಸುವುದು.

ಮನೆಯ ದಾರಿಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಬಂದಾಗ ನನ್ನ ಹೆಂಡತಿ, "ನನ್ನ ಸುಣ್ಣಾನ ನನ್ನ ಮಗಳಿಗೆ ಅಡ್ಡ ನಿಂತಿತಲ್ಲ" ಎಂದಳು.

"ಎಲಿ ನಂದು, ಸುಣ್ಣ ನಿಂದು, ಬಾಯಿ ಆಕೀದು. ಮೂರೂ ಮಂದಿ ಪಾಲುದಾರರು. ನಡಿ, ನಿಂಬಿಹಣ್ಣ ಹುಡುಕೂಣು" ಎಂದೆ.

"ಅವ್ವ, ಬಾಯಿಗಾದ್ರೂ ರುಚಿ ಇತ್ತು ಬಿಡ" ಎಂದಳು ಮಗಳು. ಆಗ ಹೆಂಡತಿಗೂ ನಗು ಬಂತು.

ನಿಂಬೆಹಣ್ಣು ಹುಡುಕಬೇಕಾಗಲಿಲ್ಲ. ಪಕ್ಕದ ಮನೆಯ ಟೇಲರನ ಹೆಂಡತಿಯ ಹಿತ್ತಲಲ್ಲಿ ಗಿಡ ಜಗ್ಗುವಷ್ಟು ಕಾಯಿ. ಆಕೆ ಗೋಡೆಯ ಮೇಲಿಂದ, "ಕಾಕಾ, ದಿನಾ ಬಂದು ಕೇಳಬ್ಯಾಡ್ರಿ, ಹರಕೊಂಡ ಹೋಗ್ರಿ. ನಿಮ್ಮ ಮಗಳಂದ್ರ ನಮಗ ಬ್ಯಾರೇನ?" ಎಂದಳು. ವಾಸನೆಗೂ ನಿಂಬೆಯೇ ಮದ್ದಾಯಿತು. ಮಗಳು ಸಿಪ್ಪೆಯನ್ನು ಮೂಗಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಗುಳಿಗೆ ನುಂಗಿಬಿಡುವಳು. ನಾನು ಎಲೆ ಕಟ್ಟುವುದನ್ನು ಬಿಡಲಿಲ್ಲ. ಆದರೆ ಕಟ್ಟು ಬಿಚ್ಚಿದ ಕೂಡಲೇ ಎಲೆಯನ್ನು ನಾನೇ ಇಸಿದುಕೊಳ್ಳುತ್ತಿದ್ದೆ, ಅವಳ ಕೈಯಲ್ಲಿ ಉಳಿದರೆ ಭರವಸೆ ಇರಲಿಲ್ಲ. ತಿಂಗಳ ಇಂಜೆಕ್ಷನ್ನಿನ ಔಷಧಿ ಕೆಂಪಗೆ ಇರುತ್ತಿತ್ತು. ಅದು ಸೂಜಿಯೊಳಗೆ ಏರುವುದನ್ನು ನೋಡಿ ನನ್ನ ಹೆಂಡತಿ ಪ್ರತಿ ಸಲವೂ ಕೈ ಮುಗಿಯುವಳು.

ಬಯಕೆಯ ಊಟ ತಂದ ಹೆಂಗಸರು, "ಎರಡು ಜೀವ ಐತಿ, ಇಬ್ಬರ ಪಾಲಿನ ಊಟ ಉಣಬೇಕವಾ" ಎಂದು ತಾಟು ತುಂಬಿಸಿದರು. ಮಗಳು ಎಲ್ಲದರಲ್ಲೂ ಒಂದೊಂದು ಚೂರು ಬಾಯಿಗಿಟ್ಟು, ಉಳಿದದ್ದನ್ನು ದಿನವೆಲ್ಲ ಹಂಚಿಕೊಂಡು ತಿಂದಳು.

ಒಂದು ತಿಂಗಳು ಕಳೆದು ದವಾಖಾನೆಗೆ ಹೋದಾಗ ಡಾಕ್ಟರ್ ಬಾಯಿ ರೆಪ್ಪೆ ಎಳೆದವರು ನನ್ನನ್ನು ಹತ್ತಿರ ಕರೆದರು. "ನೀವೇ ನೋಡಿ." ಒಳಗೆ ನಸುಗೆಂಪು ಇಣುಕಿತ್ತು, ಪೇರಲದ ತಿರುಳಿನ ಹಾಗೆ. ನಂತರದ ಸಲ ಇನ್ನಷ್ಟು. "ಹುಬ್ಬಳ್ಳಿ ಬೇಡ. ಹೆರಿಗೆ ಇಲ್ಲೇ ಆಗ್ಲಿ" ಎಂದರು. 

ಹೆರಿಗೆಯ ದಿನವೂ ಭಯವಿತ್ತು, ಇಲ್ಲವೆನ್ನಲಾರೆ. ರಕ್ತ ಹೋಯಿತು, ಆದರೆ ಮಗಳು ತಡೆದುಕೊಂಡಳು. ನರ್ಸ್ ಬಂದು, "ಹೆಣ್ಣು. ತಾಯಿ ನೀರು ಕೇಳ್ತಾಳ" ಎಂದಳು. ಆಗ ನಾನು ಪಡಸಾಲೆಯಲ್ಲಿ ಡಂಗುರ ಸಾರಿದ್ದನ್ನು ಮೊದಲೇ ಹೇಳಿದ್ದೇನೆ.

ಸಂಜೆ ಹಿರೇಕೆರೂರಿನ ಕಡೆಯ ಬಸ್ಸಿಗೆ ಹಂಸಭಾವಿಯಿಂದ ಅಳಿಯ, ಬೀಗರು, ಬೀಗತಿ ಬಂದಿಳಿದರು. ಬೀಗತಿ ಮೊದಲು ಸೊಸೆಯ ಗಲ್ಲ ಹಿಡಿದು ನೋಡಿದಳು, ಹಣೆ ಮುಟ್ಟಿದಳು, ಕೈಬೆರಳು ಒತ್ತಿ ನೋಡಿದಳು. ಸಮಾಧಾನವಾದ ಮೇಲೆಯೇ ಕೂಸನ್ನು ಎತ್ತಿಕೊಂಡಳು. "ಮೂಗ ನಮ್ಮ ಮನಿತನದ್ದ" ಎಂದಳು. "ಇರಲಿ ಬಿಡ್ರಿ, ಮೂಗ ನೀವ ಇಟಗೋರಿ" ಎಂದಳು ನನ್ನ ಹೆಂಡತಿ.

ಮನೆಯಲ್ಲಾದರೆ ಗಂಡಸರ ಪಂಕ್ತಿ ಮೊದಲು, ಹೆಂಗಸರದು ಆಮೇಲೆ. ಅವತ್ತು ದವಾಖಾನೆಯ ಪಡಸಾಲೆಯಲ್ಲಿ ಪಂಕ್ತಿ ಎಲ್ಲಿಯದು? ಮಗಳ ಮಂಚ ಬಾಗಿಲ ಪಕ್ಕದಲ್ಲೇ ಇತ್ತು. ಅವಳಿಗೆ ಕಾಣುವಂತೆ ನೆಲದ ಮೇಲೆ ಒಂದು ಜಮಖಾನೆ ಹಾಸಿ, ನಡುವೆ ರೊಟ್ಟಿಯ ಗಂಟು ಬಿಚ್ಚಿ, ಎಲ್ಲರೂ ಸುತ್ತ ಕೂತೆವು. ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಟೇಲರನ ಹೆಂಡತಿ ಮಗಳಿಗೆಂದು ಮೆತ್ತಗೆ ಅನ್ನ ಮಾಡಿ ಬಟ್ಟಲಲ್ಲಿ ತಂದಿದ್ದಳು, ಆಕೆಯನ್ನೂ ಹೋಗಗೊಡಲಿಲ್ಲ. ಬೀಗತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಒಂದು ಕೈಯಲ್ಲಿ ರೊಟ್ಟಿ ಮುರಿದಳು. ಹಿಂದಿನ ದಿನದಿಂದ ಏನೂ ಬಾಯಿಗಿಡದ ನನ್ನ ಹೆಂಡತಿ ಯಾರ ಮುಖವನ್ನೂ ನೋಡದೆ ಉಂಡಳು, ನಾನು ಅವಳ ಕೈಗೆ ರೊಟ್ಟಿ ಹಾಕುತ್ತಾ ಹೋದೆ. ಮಂಚದ ಮೇಲೆ ಮಗಳು ದಿಂಬಿಗೆ ಒರಗಿ, ಬಟ್ಟಲನ್ನು ಎದೆಯ ಹತ್ತಿರ ಹಿಡಿದುಕೊಂಡು, ಒಂದೊಂದೇ ತುತ್ತನ್ನು ನಿಧಾನವಾಗಿ ಅಗಿದು ನಮ್ಮ ಜೊತೆಗೇ ಉಣ್ಣುತ್ತಿದ್ದಳು.