ಕೊತ್ತಂಬರಿ ಸೊಪ್ಪಿಗೆ ನಡೆದು ಹೋಗುವ ದೂರ

ಊಟದ ವಿಷಯದಲ್ಲಿ ನನ್ನ ಗಂಡ ಸಾಧು ಪ್ರಾಣಿ. ಬಡಿಸಿದ್ದನ್ನು ಉಣ್ಣುತ್ತಾರೆ, ಹೇಗಿದೆ ಅಂದರೆ ಚೆನ್ನಾಗಿದೆ ಅನ್ನುತ್ತಾರೆ. ಸಾರಿಗೆ ಉಪ್ಪು ಹಾಕಲು ಮರೆತ ದಿನವೂ ಚೆನ್ನಾಗಿದೆ ಅಂದಿದ್ದರು. ನಾನು ಹಾಗಲ್ಲ. ನನಗೆ ನಾಲಿಗೆ ಉದ್ದ, ಮಾತಿಗೂ ರುಚಿಗೂ. ಯಾವುದೇ ಊರಿಗೆ ಹೋದರೂ ಅಲ್ಲಿ ಬೆಳಿಗ್ಗೆ ಹೊತ್ತು ಚೀಲ ಹಿಡಿದ ಮುದುಕಿಯರು ಯಾವ ಕಡೆಗೆ ನಡೆಯುತ್ತಾರೆ ಎಂದು ಮೊದಲು ನೋಡುತ್ತೇನೆ. ಅರಮನೆ, ಇಗರ್ಜಿ, ಗೋಪುರ ಎಲ್ಲ ಆಮೇಲೆ.

ಅದಕ್ಕೇ ನಾವು ರೋಮಿಗೆ ಹೋಗುವುದೆಂದು ತೀರ್ಮಾನವಾದಾಗ, ಎಲ್ಲಿ ಉಳಿಯುವುದು ಎಂಬುದನ್ನು ನಾನೇ ಆರಿಸುತ್ತೇನೆ ಎಂದು ಹಟ ಹಿಡಿದೆ. ಅದು ಎರಡು ಸಾವಿರದ ಮೊದಲ ವರ್ಷಗಳ ಮಾತು. ನಾವಾಗ ಲೀಡ್ಸಿನ ಹೆಡಿಂಗ್ಲೀಯಲ್ಲಿ, ಸಾಲುಮನೆಯೊಂದರಲ್ಲಿ ಬಾಡಿಗೆಗಿದ್ದೆವು. ಮಗಳು ಓದಲು ಲಫ್‌ಬರೋಗೆ ಹೋಗಿದ್ದಳು. ಮದುವೆಯಾದಾಗಿನಿಂದ ನಮ್ಮ ರಜೆಯೆಲ್ಲ ಮೈಸೂರಿಗೇ ಮೀಸಲು. ಬೇರೆ ದೇಶಕ್ಕೆ ಸುಮ್ಮನೆ ತಿರುಗಾಡಲು ಹೊರಟಿದ್ದು ಅದೇ ಮೊದಲು.

ಹಟಕ್ಕೆ ಕಾರಣವೂ ಇತ್ತು. ನನ್ನ ಗಂಡ ಅರಿವಳಿಕೆ ಡಾಕ್ಟರು. ಆಸ್ಪತ್ರೆ ಎಲ್ಲಿ ಕೆಲಸ ಕೊಟ್ಟರೆ ಅಲ್ಲಿ ನಮ್ಮ ಬಿಡಾರ. ಒಂದು ಊರಲ್ಲಿ ಕರಿಬೇವು ಸಿಗುವ ಅಂಗಡಿ ಪತ್ತೆ ಮಾಡುವಷ್ಟರಲ್ಲಿ ಇನ್ನೊಂದು ಊರಿಗೆ ಪೆಟ್ಟಿಗೆ ಕಟ್ಟಬೇಕು. ಅಷ್ಟು ವರ್ಷಗಳಲ್ಲಿ ನಾವು ಉಳಿದ ಯಾವ ಮನೆಯನ್ನೂ ನಾನು ಆರಿಸಿದ್ದಲ್ಲ. ಹೆಡಿಂಗ್ಲೀಯ ಮನೆಯೂ ಆಸ್ಪತ್ರೆಯಲ್ಲಿ ಅವರ ಡ್ಯೂಟಿಯ ಪಾಳಿ ನೋಡಿಕೊಂಡು ಹಿಡಿದದ್ದೇ, ಆದರೆ ಅಲ್ಲಿ ಅದೃಷ್ಟ ನನ್ನ ಕಡೆಗಿತ್ತು. ಬೀದಿಯ ಕೊನೆಯಲ್ಲಿ ಬಸ್ಸು ಹತ್ತಿದರೆ ಲೀಡ್ಸಿನ ಮಾರ್ಕೆಟ್ಟು. ಅಲ್ಲಿ ಈರುಳ್ಳಿ ಮಾರುವ ಗಂಡಸು ಮೊದಲ ದಿನ ನನ್ನನ್ನು 'ಲವ್' ಅಂತ ಕರೆದಾಗ ನಾನು ಸೆರಗು ಸರಿಮಾಡಿಕೊಂಡು ಓಡಿ ಬಂದಿದ್ದೆ. ಆಮೇಲೆ ಆತ ಎಲ್ಲರನ್ನೂ, ತೊಂಬತ್ತರ ಅಜ್ಜನನ್ನೂ, ಹಾಗೇ ಕರೆಯುತ್ತಾನೆಂದು ತಿಳಿಯಿತು. ವರ್ಷ ಕಳೆಯುವಷ್ಟರಲ್ಲಿ ಬೆಂಡೆಕಾಯಿ ಬಂದ ದಿನ ನನಗೆಂದು ಎತ್ತಿಡುತ್ತಿದ್ದ.

ಈ ಸುಖಕ್ಕೆ ಕೊನೆ ಹತ್ತಿರವಾಗಿತ್ತು. ಗಂಡನಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ಕನ್ಸಲ್ಟೆಂಟ್ ಹುದ್ದೆ ಸಿಕ್ಕಿತ್ತು. ಇನ್ನು ಊರೂರು ಅಲೆಯಬೇಕಿಲ್ಲ, ಸ್ವಂತ ಮನೆ ಕೊಳ್ಳಬಹುದು. ಅವರು ಆ ಊರಿನ ಹೊರವಲಯದ ಸಟನ್ ಕೋಲ್ಡ್‌ಫೀಲ್ಡಿನಲ್ಲಿ ಒಂದು ಮನೆ ನೋಡಿಟ್ಟಿದ್ದರು. ದೊಡ್ಡ ಮನೆ, ಮುಂದೆ ಹುಲ್ಲುಹಾಸು, ಹಿಂದೆ ಸೇಬಿನ ಮರ, ಅಡುಗೆಮನೆಯಲ್ಲಿ ಇಬ್ಬರು ಕುಣಿಯುವಷ್ಟು ಜಾಗ. ನಮ್ಮ ಕನ್ನಡದ ಡಾಕ್ಟರುಗಳೆಲ್ಲ ಆಸುಪಾಸಿನಲ್ಲೇ ಇದ್ದರು. ಅಷ್ಟು ವರ್ಷ ರಾತ್ರಿ ಹಗಲೆನ್ನದೆ ದುಡಿದ ಮನುಷ್ಯ ಆ ಮನೆಯ ಮುಂದೆ ನಿಂತು ಶಾಲೆಯಲ್ಲಿ ಬಹುಮಾನ ಗೆದ್ದ ಹುಡುಗನ ಮುಖ ಮಾಡಿಕೊಂಡಿದ್ದರು. ಆದರೆ ಅಲ್ಲಿಂದ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಬೇಕೆಂದರೂ ಕಾರು ತೆಗೆಯಬೇಕು. ನನಗೆ ಕಾರು ಓಡಿಸಲು ಬರುವುದಿಲ್ಲ, ಕಲಿಯುವ ಧೈರ್ಯವೂ ಇರಲಿಲ್ಲ. ಸುತ್ತ ಎಲ್ಲಿ ನೋಡಿದರೂ ಮುಚ್ಚಿದ ಬಾಗಿಲುಗಳು. ಆ ಮನೆಯೊಳಗೆ ಹೆಜ್ಜೆ ಇಟ್ಟ ಗಳಿಗೆಯಲ್ಲೇ ನನ್ನ ಎದೆ ಭಾರವಾಯಿತು. ಬೇಡ ಅನ್ನಲು ಬಾಯಿ ಬರಲಿಲ್ಲ. ರೋಮಿನಿಂದ ಬಂದ ಮೇಲೆ ಉತ್ತರ ಕೊಡುತ್ತೇವೆಂದು ಏಜೆಂಟನಿಗೆ ಹೇಳಿ ಬಂದಿದ್ದೆವು.

ಆ ಭಾರವನ್ನೆಲ್ಲ ನಾನು ರೋಮಿನ ಮೇಲೆ ಹಾಕಿದೆ. ಲೈಬ್ರರಿಯಿಂದ ಪ್ರವಾಸದ ಪುಸ್ತಕಗಳನ್ನು ಹೊತ್ತು ತಂದೆ. ಗಂಡ ರೈಲು ನಿಲ್ದಾಣದ ಪಕ್ಕದ ಹೋಟೆಲು ಹುಡುಕಿದ್ದರು. "ಅನುಕೂಲ ನೋಡೇ, ಇಳಿದ್ರೆ ಹೋಟ್ಲು, ಹತ್ತಿದ್ರೆ ಏರ್‌ಪೋರ್ಟು," ಅಂದರು.

"ನಾವು ಹೋಗ್ತಿರೋದು ಹತ್ತಿ ಇಳಿಯೋಕಾ, ಊಟಕ್ಕಾ?" ಅಂದೆ.

ಕೊನೆಗೆ ಎಲ್ಲ ಪುಸ್ತಕಗಳೂ ಒಂದೇ ಮಾತು ಹೇಳುವ ಬಡಾವಣೆಯೊಂದು ಸಿಕ್ಕಿತು. ಟೆಸ್ಟಾಚೊ ಅಂತ ಅದರ ಹೆಸರು. ರೋಮಿನವರು ತಾವು ಉಣ್ಣಲು ಹೋಗುವ ಜಾಗ, ಹಳೆಯ ರುಚಿಗಳೆಲ್ಲ ಅಲ್ಲೇ ಉಳಿದಿವೆ, ನಡುವೆ ತರಕಾರಿ ಮಾರ್ಕೆಟ್ಟು. ಅಷ್ಟು ಓದಿದ್ದೇ ತಡ, ಪುಸ್ತಕ ಮುಚ್ಚಿ ಮಗಳಿಗೆ ಫೋನು ಮಾಡಿದೆ. ಇಂಟರ್‌ನೆಟ್ಟಿನಲ್ಲಿ ಬುಕ್ ಮಾಡುವ ವಿದ್ಯೆ ಅವಳದು. ಗಂಡ ಪಕ್ಕದಲ್ಲಿ ನಿಂತು ಒಂದೇ ಒಂದು ಷರತ್ತು ಹಾಕಿದರು. "ಎಲ್ಲಿ ಬೇಕಾದ್ರೂ ಆರಿಸ್ಕೋ. ಆದ್ರೆ ರೂಮಲ್ಲಿ ಒಲೆ ಇರಬಾರ್ದು. ರಜೆ ಅಂದ್ರೆ ನಿಂಗೂ ರಜೆ."

"ಅಮ್ಮಾ, ಯು ವಿಲ್ ಡೈ ವಿದೌಟ್ ಎ ಕಿಚನ್," ಅಂದಳು ಮಗಳು ಆ ಕಡೆಯಿಂದ.

ಟೆಸ್ಟಾಚೊದಲ್ಲಿ ನಮ್ಮ ಬಿಡಾರ ಮೂರನೇ ಮಹಡಿಯಲ್ಲಿತ್ತು. ವಯಸ್ಸಾದ ಹೆಂಗಸೊಬ್ಬಳು ತನ್ನ ಮನೆಯ ಕೋಣೆಗಳನ್ನೇ ಬಾಡಿಗೆಗೆ ಕೊಡುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬರದು, ನಮಗೆ ಇಟಾಲಿಯನ್ ಬರದು, ಕೈಸನ್ನೆಯಲ್ಲೇ ಕೆಲಸ ಸಾಗಿತು. ಸಂಜೆ ಅವಳು ಬೆರಳು ತೋರಿಸಿದ ಊಟದ ಮನೆಗೆ ಹೋಗಿ ಕೂತೆವು. ಗಂಡ ಮೆನು ಬಿಡಿಸಿ ಓದತೊಡಗಿದರು. ಅವರ ಹುಬ್ಬು ಮೇಲೇರಿದ್ದು ಇಳಿಯಲಿಲ್ಲ. ಇಟಾಲಿಯನ್ ಬರದಿದ್ದರೂ ಡಾಕ್ಟರಾದವರಿಗೆ ಕೆಲವು ಪದ ಗುರುತು ಸಿಗುತ್ತವೆ.

"ಲೇ, ಇದು ಮಿದುಳು ಕಣೇ. ಇದು ಮೂತ್ರಪಿಂಡ. ಇದು ಬಾಲ ಇರಬೇಕು. ಇದು... ಇದು ಕರುಳು. ಮೆನು ಅಲ್ಲ ಇದು, ಅನಾಟಮಿ ಪರೀಕ್ಷೆ."

ರೂಮಿಗೆ ಬಂದು ಪುಸ್ತಕದ ಮುಂದಿನ ಪುಟ ತಿರುವಿದಾಗ ಗೊತ್ತಾಯಿತು. ಆ ಬಡಾವಣೆ ಬೆಳೆದದ್ದೇ ದೊಡ್ಡದೊಂದು ಕಸಾಯಿಖಾನೆಯ ಸುತ್ತ. ಕಸಾಯಿಖಾನೆ ಮುಚ್ಚಿ ಬಹಳ ಕಾಲವಾಗಿತ್ತು, ಆದರೆ ಅಲ್ಲಿನ ಕೆಲಸದವರ ಪಾಲಿಗೆ ಬರುತ್ತಿದ್ದ ಒಳಭಾಗಗಳ ಅಡುಗೆಯೇ ಆ ಜಾಗದ ಹೆಗ್ಗಳಿಕೆ. ಮೊಟ್ಟೆಯನ್ನು ಕೇಕಿನಲ್ಲಿ ಮಾತ್ರ ಒಪ್ಪಿಕೊಳ್ಳುವ ಇಬ್ಬರು ಮೈಸೂರಿನ ಸಸ್ಯಾಹಾರಿಗಳು, ಇಡೀ ರೋಮನ್ನು ಜಾಲಾಡಿ, ಕಸಾಯಿಖಾನೆಯ ಪಕ್ಕದ ಮನೆಯನ್ನೇ ಹುಡುಕಿ ತೆಗೆದಿದ್ದೆವು. ಹೊಟ್ಟೆ ಹಿಡಿದುಕೊಂಡು ನಕ್ಕ ಗಂಡ ಆಮೇಲೆ ನನ್ನ ಮುಖ ನೋಡಿ, ತಮ್ಮ ಪೆಟ್ಟಿಗೆಯ ತಳದಿಂದ ಚಟ್ನಿಪುಡಿಯ ಡಬ್ಬಿ ತೆಗೆದರು. ಏನಿದ್ದರೂ ಉಣ್ಣುವ ಸಾಧು ಪ್ರಾಣಿ ನನಗೆ ಗೊತ್ತಿಲ್ಲದಂತೆ ಅದನ್ನು ತುಂಬಿಕೊಂಡು ಬಂದಿತ್ತು. ನಾನೂ ನಗಲೇಬೇಕಾಯಿತು.

ಹಾಗೆಂದು ನಾವು ಉಪವಾಸ ಬೀಳಲಿಲ್ಲ. ಅದೇ ಊಟದ ಮನೆಯಲ್ಲಿ ಮೆಣಸು, ಚೀಸು ಬಿಟ್ಟು ಬೇರೇನೂ ಹಾಕದ ಶ್ಯಾವಿಗೆಯಂಥದ್ದನ್ನು ಕೊಟ್ಟಿದ್ದರು. ತಿಂದವಳಿಗೆ ನನ್ನಮ್ಮನ ಮೆಣಸಿನ ಪೊಂಗಲ್ಲು ನೆನಪಾಗಿ ಕಣ್ಣು ಒದ್ದೆಯಾಗಿತ್ತು. ಖಾರದಿಂದಲೋ ನೆನಪಿನಿಂದಲೋ, ಎರಡರಿಂದಲೂ ಇರಬೇಕು.

ಮರುದಿನ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಚೀಲ ಹಿಡಿದ ಮುದುಕಿಯರು ಒಂದೇ ದಿಕ್ಕಿಗೆ ನಡೆಯುತ್ತಿದ್ದರು. ಗಂಡನ ಕಾಫಿ ಮುಗಿಯುವುದನ್ನೂ ಕಾಯದೆ ಅವರನ್ನು ಎಬ್ಬಿಸಿಕೊಂಡು ಹೋದೆ. ಮಾರ್ಕೆಟ್ಟು ನಮ್ಮ ಮೂಲೆಯಲ್ಲೇ. ಟೊಮೇಟೊ, ಸೊಪ್ಪು, ತಾವರೆ ಮೊಗ್ಗಿನಂಥ ನೇರಳೆ ಬಣ್ಣದ ಆರ್ಟಿಚೋಕುಗಳು, ಅವುಗಳ ನಡುವೆ ಗುಡ್ಡೆ ಹಾಕಿದ ಹಸಿರು ಕಾಯಿ. ಗೇಣುದ್ದದ ಸಿಪ್ಪೆ, ಒಳಗೆ ದಪ್ಪ ದಪ್ಪ ಕಾಳು. ಅವರು ಫಾವೆ ಅನ್ನುತ್ತಾರೆ. ನನಗೆ ಕಂಡದ್ದು ಅವರೆಕಾಯಿ. ಸೊಗಡಿಲ್ಲ, ಆಕಾರ ಬೇರೆ, ಆದರೂ ಹಿತುಕಿದರೆ ಬೇಳೆ ಬರುವ ಕಾಳು. ನನ್ನ ಕೈ ತಾನಾಗಿ ಹೋಗಿ ಒಂದು ಕಾಯಿ ಮುರಿಯಿತು.

ಅಂಗಡಿಯ ಹೆಂಗಸು ಕೈ ಮೇಲೆ ಚಟ್ಟನೆ ಹೊಡೆದಳು. ಅಲ್ಲಿ ಗಿರಾಕಿ ತರಕಾರಿ ಮುಟ್ಟುವ ಹಾಗಿಲ್ಲವಂತೆ, ಅವಳೇ ಆರಿಸಿ ಕೊಡಬೇಕು. ಬೆಂಡೆಕಾಯಿಯ ತುದಿ ಮುರಿದು, ಬದನೆಕಾಯಿ ಎತ್ತಿ ತೂಗಿ, ಹೀರೆಕಾಯಿಯ ಚೂರು ಬಾಯಿಗೆ ಹಾಕಿ ನೋಡಿ ಬೆಳೆದವಳು ನಾನು, ಕೈ ಕಟ್ಟಿ ನಿಲ್ಲುವುದು ಹೇಗೆ? ನಾನು ಕನ್ನಡದಲ್ಲಿ ಜಗಳ ತೆಗೆದೆ. ಅವಳು ಅವಳ ಭಾಷೆಯಲ್ಲಿ ಉತ್ತರ ಕೊಟ್ಟಳು. ಎಳೆಯದು ಬೇಡ, ಬಲಿತದ್ದು ಬೇಕು ಎಂದು ನಾನು ಬೆರಳಿನಲ್ಲಿ ತೋರಿಸಿದೆ. ಅವಳು ತಲೆ ಚಚ್ಚಿಕೊಂಡು ಬಲಿತದ್ದನ್ನೇ ಆರಿಸಿ, ಚೀಲ ತುಂಬಿ, ಕೊನೆಯಲ್ಲಿ ಒಂದು ಹಿಡಿ ಸೊಪ್ಪು ಸುಮ್ಮನೆ ಹಾಕಿದಳು. ಕೊಸರು! ರೋಮಿನಲ್ಲಿ ಕೊಸರು! ನನಗಾದ ಸಂತೋಷವನ್ನು ಹೇಗೆ ಹೇಳಲಿ? ವಾರಗಳಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದಂತಾಯಿತು.

"ಅಲ್ವೇ, ಒಲೆ ಎಲ್ಲಿದೆ?" ಎಂದು ಗಂಡ ಕೇಳಿದ್ದು ಮೆಟ್ಟಿಲು ಹತ್ತುವಾಗ. ಆವರೆಗೆ ನನಗೆ ಅದು ಹೊಳೆದೇ ಇರಲಿಲ್ಲ.

ಒಲೆ ಇಲ್ಲದಿದ್ದರೇನು, ಇಂಗ್ಲೆಂಡಿನಿಂದ ಬಂದವರ ಬಳಿ ಕೆಟಲ್ ಇದ್ದೇ ಇರುತ್ತದೆ. ಹಾಸಿಗೆಯ ಮೇಲೆ ಪೇಪರು ಹಾಸಿ ಕಾಯಿ ಸುಲಿದೆವು. ಬಚ್ಚಲಿನ ಬೇಸಿನ್ನಿಗೆ ಬಿರಡೆ ಹಾಕಿ, ಕಾಳು ಸುರಿದು, ಮೇಲೆ ಬಿಸಿನೀರು ಹೊಯ್ದೆ. ಆಮೇಲೆ ಇಬ್ಬರೂ ಎದುರು ಬದುರು ಕೂತು ಹಿತುಕಿದೆವು. ಸಾವಿರಾರು ಜನರನ್ನು ನಿದ್ದೆ ಮಾಡಿಸಿದ ಕೈಗಳಿಂದ ಕಾಳು ಚಿಮ್ಮಿ ಮಂಚದಡಿ ಓಡುತ್ತಿತ್ತು, ಗಂಡ ಮಂಡಿಯೂರಿ ಹೆಕ್ಕುತ್ತಿದ್ದರು. ಹೊರಗೆ ಬಿಸಿಲು, ಆ ಕಡೆ ನೋಡಬೇಕಾದ ಗೋಪುರಗಳು, ನಾವು ಇಲ್ಲಿ. ಹೀಗೆ ಒಂದೇ ಕೆಲಸಕ್ಕೆ ಇಬ್ಬರೂ ಕೂತು ಎಷ್ಟು ವರ್ಷವಾಗಿತ್ತೋ.

ಬಾಗಿಲು ಅರ್ಧ ತೆರೆದಿತ್ತು. ಟವೆಲು ಕೊಡಲು ಬಂದ ಮನೆಯೊಡತಿ ಬೇಸಿನ್ನಿನಲ್ಲಿ ತೇಲುವ ಸಿಪ್ಪೆ ನೋಡಿ ನಿಂತುಬಿಟ್ಟಳು. ಈಗ ಹೊರಗೆ ಹಾಕುತ್ತಾಳೆ ಎಂದುಕೊಂಡೆ. ಅವಳು ನಾವು ಹಿತುಕಿಟ್ಟ ಬೇಳೆಯ ಬಟ್ಟಲನ್ನು ಎತ್ತಿಕೊಂಡು, ತೋಳು ಹಿಡಿದು ನನ್ನನ್ನು ತನ್ನ ಅಡುಗೆಮನೆಗೆ ಕರೆದೊಯ್ದಳು. ಅವಳ ಆಲಿವ್ ಎಣ್ಣೆಯಲ್ಲಿ ಒಣಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆ ಹಾಕಿ, ಬೇಳೆ ಬೇಯಿಸಿ, ನಿಂಬೆಹಣ್ಣು ಹಿಂಡಿ ಉಸಲಿ ಮಾಡಿದೆ. ಮೇಲೆ ಗಂಡನ ಚಟ್ನಿಪುಡಿ. ಅವಳು ಹಸಿ ಕಾಳಿನ ಜೊತೆ ಉಪ್ಪುಪ್ಪಾದ ಕುರಿಹಾಲಿನ ಚೀಸು ಇಟ್ಟಳು. ಅಲ್ಲಿ ಹಾಗೇ ತಿನ್ನುತ್ತಾರಂತೆ. ನಮ್ಮದನ್ನು ಅವಳು ತಿಂದು ನೀರು ಕುಡಿದಳು, ಮತ್ತೆ ಬಡಿಸಿಕೊಂಡಳು. ಆಮೇಲಿನ ದಿನಗಳಲ್ಲಿ ಒಲೆ ಇಲ್ಲದ ರಜೆಯ ಮಾತನ್ನು ಯಾರೂ ಎತ್ತಲಿಲ್ಲ.

ಕೊನೆಯ ಬೆಳಿಗ್ಗೆ ಮಾರ್ಕೆಟ್ಟಿನ ಪಕ್ಕದ ಬೆಂಚಿನಲ್ಲಿ ಕೂತಿದ್ದೆವು. ಕಾಯಿ ಮಾರುವವಳು ದೂರದಿಂದಲೇ ಕೈ ಎತ್ತಿ ನನಗೆ ಏನೋ ಕೂಗಿ ಹೇಳಿದಳು, ನಾನೂ ಏನೋ ಕೂಗಿದೆ. ಗಂಡ ನನ್ನನ್ನೇ ನೋಡುತ್ತಿದ್ದರು.

"ಒಂದು ಕೇಳ್ತೀನಿ," ಅಂದರು. "ಸಟನ್ ಮನೆಯಿಂದ ಕೊತ್ತಂಬರಿ ಸೊಪ್ಪು ತರೋಕೆ ಎಷ್ಟು ದೂರ ಆಗುತ್ತೆ?"

"ಕಾರಲ್ಲಿ ಹೋಗ್ಬೇಕು."

"ನಡೆದು ಹೋದ್ರೆ?"

"ನಡೆದು ಹೋಗೋ ಜಾಗದಲ್ಲಿ ಏನೂ ಇಲ್ಲ ರೀ." ಅಷ್ಟು ಹೇಳಿದ ಮೇಲೆ ಇನ್ನು ತಡೆಯಲಾಗಲಿಲ್ಲ. "ನಂಗೆ ಆ ಮನೆ ಬೇಡ. ನಿಮಗೆ ಎಷ್ಟು ಇಷ್ಟ ಅಂತ ಗೊತ್ತು. ಆದ್ರೆ ಅಲ್ಲಿ ನಾನು ಬಾಡಿ ಹೋಗ್ತೀನಿ."

ಆ ಸೇಬಿನ ಮರ, ಹುಲ್ಲುಹಾಸು, ಭಾನುವಾರ ಬಂದು ಹೋಗುವ ಗೆಳೆಯರು ಎಲ್ಲ ಅವರ ಕಣ್ಣ ಮುಂದೆ ಹಾದು ಹೋಗಿರಬೇಕು. ನನಗೆ ಅಯ್ಯೋ ಅನ್ನಿಸಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಸರಿ," ಅಂದರು ಕೊನೆಗೆ. "ಈ ಸಲ ನೀನೇ ಆರಿಸು. ಕಸಾಯಿಖಾನೆ ಪಕ್ಕ ಮಾತ್ರ ಬೇಡ."

ನಾನು ಆರಿಸಿದ್ದು ಬರ್ಮಿಂಗ್‌ಹ್ಯಾಮಿನ ಒಳಗೇ, ಪಂಜಾಬಿಗಳ ತರಕಾರಿ ಅಂಗಡಿಗಳ ಸಾಲಿನ ಹಿಂದಿನ ಬೀದಿಯಲ್ಲಿ, ಕಿರಿದಾದ ಒಂದು ಹಳೆಯ ಮನೆ. ಕನ್ಸಲ್ಟೆಂಟ್ ಆದವರು ಅಲ್ಲಿರುವುದೇ ಎಂದು ಸಟನ್ನಿನ ಗೆಳೆಯರು ಮೂಗು ಮುರಿದರು. ಹೌದು, ಅಲ್ಲೇ, ಊಟಕ್ಕೆ ಬನ್ನಿ ಎಂದರು ನನ್ನ ಗಂಡ. ಹಿತ್ತಿಲಲ್ಲಿ ಒಂದು ಸೇಬಿನ ಗಿಡವನ್ನು ಅವರೇ ನೆಟ್ಟರು.

ಆ ಮನೆಯಲ್ಲಿ ಮೊದಲ ಸಂಜೆ, ಪೆಟ್ಟಿಗೆಗಳ ನಡುವೆಯೇ ಸಾರಿಗೆ ಇಟ್ಟೆ. ಕೊತ್ತಂಬರಿ ಸೊಪ್ಪು ಇರಲಿಲ್ಲ. ನಾನು ತರ್ತೀನಿ ಎಂದು ಗಂಡ ಹುರುಪಿನಿಂದ ಹೊರಟು, ಪುದೀನ ಹಿಡಿದುಕೊಂಡು ಬಂದರು. ಸಾರನ್ನು ನೋಡಿಕೊಳ್ಳಲು ಅವರನ್ನು ಒಲೆಯ ಮುಂದೆ ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು ನಾನೇ ಹೋದೆ. ಅಂಗಡಿಯವನು ಕಟ್ಟುಗಳನ್ನು ನನ್ನ ಮುಂದೆ ತಳ್ಳಿದ. ಒಂದೊಂದನ್ನೂ ಎತ್ತಿ, ಮೂಸಿ, ಇಷ್ಟವಾದದ್ದನ್ನು ಆರಿಸಿಕೊಂಡೆ. ಮನೆಗೆ ಬಂದಾಗ ಸಾರು ಇನ್ನೂ ಕುದಿ ಬಂದಿರಲಿಲ್ಲ.