ಸ್ಟ್ರಾಸ್‌ಬರ್ಗಿನಲ್ಲಿ ಹಿಡಿದ ಸೂತಕ

ನಾನು ಬಂದಿಳಿದ ಊರಿನ ಬೀದಿಗಳಿಗೆ ಹೆಸರಿರಲಿಲ್ಲ. ಜರ್ಮನಿಯ ಮ್ಯಾನ್‌ಹೈಮ್ ಪೇಟೆಯ ನಡುಭಾಗವನ್ನು ಬರ್ಫಿ ಕತ್ತರಿಸಿದ ಹಾಗೆ ಚೌಕ ಚೌಕ ಮಾಡಿ, ಒಂದೊಂದು ಚೌಕಕ್ಕೂ ಒಂದು ಇಂಗ್ಲಿಷ್ ಅಕ್ಷರ, ಒಂದು ಅಂಕಿ ಕೊಟ್ಟುಬಿಟ್ಟಿದ್ದಾರೆ. ನಾನು ಅಡುಗೆ ಮಾಡುವ ಹೋಟೆಲು ಎಚ್ ನಾಲ್ಕರಲ್ಲಿತ್ತು. ಮೊದಲ ವಾರವೇ ಹಾಲು ತರಲು ಹೋಗಿ ದಾರಿ ತಪ್ಪಿದೆ. ಎಲ್ಲ ಮೂಲೆಯೂ ಒಂದೇ ಥರ. ಗಂಗೊಳ್ಳಿಯಲ್ಲಾದರೆ ಐಸ್ ಫ್ಯಾಕ್ಟರಿ ಹಿಂದೆ, ಬಾವಿಯ ಎಡಕ್ಕೆ, ನಾಯಿ ಮಲಗಿರುವ ಮನೆ ಎಂದು ಹೇಳಿದರೆ ಸಾಕು, ಕಂಡವರು ಕೈಹಿಡಿದು ಕರೆದುಕೊಂಡು ಹೋಗುತ್ತಾರೆ. ಇಲ್ಲಿ ಹಾಲಿನ ಪೊಟ್ಟಣ ಹಿಡಿದುಕೊಂಡು ಅಕ್ಷರಮಾಲೆಯೊಳಗೆ ಸುತ್ತಿದೆ. ನಾನು ಓದಿದ್ದು ಏಳನೆಯ ಕ್ಲಾಸು. ಎಚ್ ಆದಮೇಲೆ ಏನು ಬರುತ್ತದೆ ಎಂದು ನೆನಪಿಸಿಕೊಳ್ಳುವುದಕ್ಕೆ ಎ ಯಿಂದ ಶುರುಮಾಡಬೇಕಾಗುತ್ತಿತ್ತು.

ಕಂಪ್ಯೂಟರ್ ಕಲಿತವರಿಗೆ ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ವರ್ಷಗಳವು. ನನ್ನ ತಂಗಿ ವಾರಿಜ ಹಾಗೆ ಬಂದವಳು. ನಾನು ಅವಳ ಬಾಲ ಹಿಡಿದು ಬಂದವನು. ಅವಳು ಊಟಕ್ಕೆ ಹೋಗುತ್ತಿದ್ದ ಹೋಟೆಲಿನ ಪಂಜಾಬಿ ಮಾಲೀಕರಿಗೆ ಒಬ್ಬ ಅಡುಗೆಯವನು ಬೇಕಿತ್ತು. ಮುಂಬಯಿಯ ಹೋಟೆಲುಗಳಲ್ಲಿ ಬೆವರುತ್ತಿದ್ದ ನನಗೆ ಅಡುಗೆಯವರಿಗೆಂದೇ ಇರುವ ವೀಸಾ ಆಯಿತು. ನಮ್ಮಿಬ್ಬರನ್ನೂ ಸಾಕಿದವಳು ಅಕ್ಕ. ಗಂಗೊಳ್ಳಿ ಬಂದರಿನಲ್ಲಿ ಮೀನು ಒಣಗಿಸಿ ಮಾರುವವಳು. ಮದುವೆ ಆಗಲಿಲ್ಲ. ನಾನು ಹೊರಟಾಗ, “ಇಬ್ರೂ ಒಟ್ಟಿಗ್ ಇರಿ, ಅಷ್ಟ್ ಸಾಕ್” ಎಂದಿದ್ದಳು. ಅವಳು ಕೇಳಿದ್ದು ಅದೊಂದೇ.

ಒಟ್ಟಿಗೆ ಇರಲಿಲ್ಲ. ನಾನು ಹೋಟೆಲಿನ ಮೇಲಿನ ಕೋಣೆಯಲ್ಲಿ, ಅವಳು ಟ್ರಾಮಿನಲ್ಲಿ ಹೋಗಬೇಕಾದ ಕಡೆ. ಕೋಣೆಯಲ್ಲಿ ಮೀನು ಹುರಿಯುವಂತಿಲ್ಲ. ಹೌಸ್‌ಓರ್ಡ್ನುಂಗ್, ಅಂದರೆ ಮನೆಯ ಕಟ್ಟಳೆ, ಮೆಟ್ಟಿಲ ಹತ್ತಿರ ಗಾಜು ಹಾಕಿ ನೇತುಹಾಕಿತ್ತು. ಒಮ್ಮೆ ಬಂಗುಡೆ ಹುರಿದದ್ದಕ್ಕೆ ಕೆಳಗಿನ ಮುದುಕಿ ಬಂದು ಆ ಗಾಜಿನ ಮೇಲೆ ಬೆರಳಿಟ್ಟು ತೋರಿಸಿ ಹೋದಳು. ಬೈಯಲಿಲ್ಲ. ಊರಲ್ಲಾದರೆ ವಾಸನೆಗೆ ಬಂದವರು ತಟ್ಟೆ ಹಿಡಿದುಕೊಂಡು ಕೂರುತ್ತಿದ್ದರು. ನಿಧಾನವಾಗಿ ನಾನೂ ಮೆಲ್ಲಗೆ ಬಾಗಿಲು ಹಾಕುವುದನ್ನು, ಹಸಿರು ಬಾಟಲಿ ಬೇರೆ ಬಿಳಿ ಬಾಟಲಿ ಬೇರೆ ಹಾಕುವುದನ್ನು ಕಲಿತೆ. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ರೊಟ್ಟಿಯಂಗಡಿಯವಳು ನನ್ನನ್ನು ಕಂಡಕೂಡಲೇ ನನಗೆ ಬೇಕಾದ ಬ್ರೆಡ್ಡನ್ನು ತಾನಾಗಿ ಎತ್ತಿಡುವಷ್ಟು ಪರಿಚಯವಾಯಿತು. ಅದೊಂದು ದೊಡ್ಡ ಗೆಲುವಿನಂತೆ ಕಂಡಿತ್ತು. ಆ ದಿನ ಬೇರೆ ಯಾರೂ ನನ್ನ ಹತ್ತಿರ ಮಾತಾಡಿರಲಿಲ್ಲ.

ವಾರಿಜ ತನ್ನ ಆಫೀಸಿನವರ ಜೊತೆ ಹೋಟೆಲಿಗೆ ಬರುತ್ತಿದ್ದಳು. ಒಂದು ಸಂಜೆ ಒಬ್ಬ ಬೆಂಗಳೂರಿನ ಹುಡುಗ ಜೊತೆಯವನಿಗೆ ಹೇಳುತ್ತಿದ್ದ: “ಮಗಾ, ಇಲ್ಲಿ ಸಾಂಬಾರ್ ಸಿಗತ್ತೆ ಕಣೋ. ಮೆನುನಲ್ಲಿ ಇರಲ್ಲ, ಕೇಳ್ಬೇಕಷ್ಟೆ.” ಆಮೇಲೆ ನನ್ನ ಕಡೆ ತಿರುಗಿ, “ಗುರು, ಕನ್ನಡದವ್ರಾ?” ಎಂದ. ನಾನು ನಮ್ಮ ಕಡೆಯ ಮಾತಿನಲ್ಲೇ ಹೌದೆಂದೆ. “ವಾರಿಜಾ, ಇವ್ರು ನಿಮ್ಮ ಕಡೆಯವ್ರ ಥರ ಮಾತಾಡ್ತಾರಲ್ಲ?”

“ಹೌದು,” ಎಂದಳು ವಾರಿಜ. “ನಮ್ಮೂರಿನವ್ರೇ.”

ಅಷ್ಟೇ. ಸುಳ್ಳೇನಲ್ಲ. ನಾನು ಒಳಗೆ ಹೋಗಿ ನಾನ್ ತಟ್ಟಿದೆ. ಆಮೇಲೆ ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆದ್ದರಿಂದ ಅವಳೇ ಒಂದು ದಿನ ಬಂದು, “ಅಣ್ಣ, ಸೋಮವಾರ ನಿನ್ ರೂಹೆಟಾಗ್ ಅಲ್ದಾ? ನಾನೂ ರಜೆ ಹಾಕ್ತೆ. ಸ್ಟ್ರಾಸ್‌ಬರ್ಗಿಗ್ ಹೋಪ, ಇಬ್ರೇ,” ಎಂದಾಗ ನನಗೆ ನಂಬಿಕೆ ಬರಲಿಲ್ಲ. ರೂಹೆಟಾಗ್ ಎಂದರೆ ವಾರದಲ್ಲೊಂದು ದಿನ ಹೋಟೆಲಿನ ಬಾಗಿಲು ಹಾಕುವ ದಿನ. ಅವಳ ಆಫೀಸಿನಲ್ಲಿ ಆಗ ಒಬ್ಬೊಬ್ಬರನ್ನೇ ಕೆಲಸದಿಂದ ಕಳಿಸುತ್ತಿದ್ದರು. ಅವಳ ಮುಖ ಸಣ್ಣಗಾಗಿತ್ತು. ಸ್ಟ್ರಾಸ್‌ಬರ್ಗ್ ಫ್ರಾನ್ಸಿನ ಹಳೇ ಪಟ್ಟಣ, ರೈನ್ ನದಿ ದಾಟಿದರೆ ಬರುತ್ತದೆ. ನನ್ನ ಪಾಸ್‌ಪೋರ್ಟು ವೀಸಾ ಮುಂದುವರಿಸಲು ಕೊಟ್ಟಿದ್ದು ಸರಕಾರಿ ಆಫೀಸಿನಲ್ಲೇ ಇತ್ತು. ಹೇಳಿದೆ. “ಯಾರೂ ಕೇಂಬುದಿಲ್ಲೆ ಮಾರಾಯ,” ಎಂದಳು.

ಸೋಮವಾರ ಬೆಳಿಗ್ಗೆ ಅವಳನ್ನು ಕಾಯುತ್ತ ಹೋಟೆಲಿನ ಕೆಳಗೆ ನಿಂತಿದ್ದೆ. ಒಳಗೆ ಫೋನು ಬಡಿಯಿತು. ಊರಿಂದ ಸಂಜೀವಣ್ಣ. ಅಕ್ಕನ ಪಕ್ಕದ ಮನೆಯವರು, ಹಿಟ್ಟಿನ ಗಿರಣಿ ಇಟ್ಟವರು. ಆ ಕೇರಿಗೆ ಅವರದೇ ಫೋನು.

“ಚಂದ್ರ, ಅಕ್ಕಂಗೆ ಸ್ವಲ್ಪ ಹುಷಾರಿಲ್ಲೆ. ಆಸ್ಪತ್ರೆಗ್ ಹಾಕಿತ್ತ್. ವಾರಿಜಂಗೂ ಹೇಳ್. ಇಬ್ರೂ ಹೊರಟ್ ಬನ್ನಿ.”

“ಹ್ಞೂಂ,” ಎಂದೆ.

“ತಡ ಮಾಡ್ಬೇಡಿ.”

ಫೋನು ಇಟ್ಟೆ. ಏನೂ ಕೇಳಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ದೂರದಲ್ಲಿರುವವರಿಗೆ ಸಾವನ್ನು ಸಾವೆಂದು ಯಾರೂ ಹೇಳುವುದಿಲ್ಲ. ಅಪ್ಪಯ್ಯ ದೋಣಿ ಮಗುಚಿ ಹೋದಾಗ ಮುಂಬಯಿಯಲ್ಲಿದ್ದ ನನಗೆ ಹೇಳಿದ್ದು, ಅಪ್ಪಯ್ಯನಿಗೆ ಜ್ವರ, ಹೊರಟು ಬಾ ಎಂದು. ಬಸ್ಸಿನಲ್ಲಿ ಮೂಸಂಬಿ ಹಣ್ಣು ಇಟ್ಟುಕೊಂಡು ಹೋಗಿದ್ದೆ. ಮನೆ ಮುಟ್ಟಿದಾಗ ಬೂದಿಯೂ ಆರಿತ್ತು. ನಾನೇ ಎಷ್ಟೋ ಹುಡುಗರಿಗೆ ಹೀಗೆ ಹೇಳಿ ರೈಲು ಹತ್ತಿಸಿದ್ದೇನೆ. ಕೇಳಿದವನು ತಿರುಗಿ ಕೇಳುವುದಿಲ್ಲ. ಅರ್ಥವಾದರೂ ಆಗದವನ ಹಾಗೆ ಚೀಲ ತುಂಬುತ್ತಾನೆ. ಆದ್ದರಿಂದ ಆ ಬೆಳಿಗ್ಗೆ ನನಗೆ ಅರ್ಥವಾಯಿತು. ಅಕ್ಕ ಹೋದಳು. ಸಂಜೆಯೊಳಗೆ ಎತ್ತಿಬಿಡುತ್ತಾರೆ. ಮುಖ ಸಿಗುವುದಿಲ್ಲ. ಅವಸರ ಮಾಡಿ ಆಗುವುದೇನು?

ಹೀಗೆ ನನಗೆ ನಾನೇ ಹೇಳಿಕೊಂಡೆ. ಇಷ್ಟನ್ನೇ ಬರೆದು ಬಿಟ್ಟರೆ ತಪ್ಪು ರೂಢಿಯದಾಗುತ್ತದೆ. ಮೂಲೆ ತಿರುಗಿ ವಾರಿಜ ಬರುತ್ತಿದ್ದಳು. ಹೊಸ ಕೋಟು ಹಾಕಿದ್ದಳು, ದೂರದಿಂದಲೇ ಕೈಯೆತ್ತಿದಳು. ಈ ದೇಶಕ್ಕೆ ಬಂದಮೇಲೆ ಅವಳು ಬೀದಿಯಲ್ಲಿ ನನಗೆ ಕೈಯೆತ್ತಿದ್ದು ಅದೇ ಮೊದಲು. ಆ ಒಂದು ದಿನ ನನಗೆ ಬೇಕಾಗಿತ್ತು. ಅಷ್ಟೇ ಕಾರಣ.

ಕೇಲ್ ಎಂಬ ಗಡಿ ಊರಿನವರೆಗೆ ರೈಲು. ಅಲ್ಲಿಂದ ನದಿಯ ಸೇತುವೆಯ ಮೇಲೆ ನಡೆದೇ ದಾಟಿದೆವು. ಕಾವಲುಮನೆ ಖಾಲಿಯಿತ್ತು. ನಡುವಿನಲ್ಲಿ ವಾರಿಜ ನಿಂತು, “ಈ ಕಾಲ್ ಜರ್ಮನಿ, ಈ ಕಾಲ್ ಫ್ರಾನ್ಸ್,” ಎಂದು ಕಾಲು ಅಗಲಿಸಿ ನಗಿಸಿದಳು. ನಾನು ನಕ್ಕೆ ಎಂದು ಕಾಣುತ್ತದೆ. ಆ ದಿನವಿಡೀ ನನ್ನ ದೇಹ ಮಾಡಬೇಕಾದ್ದನ್ನು ತಾನೇ ಮಾಡುತ್ತಿತ್ತು.

ದಾರಿಯ ಹಳೇ ಕೋಟೆಯೊಂದನ್ನು ಹಾದು ಒಳಪೇಟೆಗೆ ನಡೆದು ಹೋಗುತ್ತಿದ್ದಂತೆ ಬೀದಿಗಳು ಸೊಟ್ಟಗಾದವು. ಮ್ಯಾನ್‌ಹೈಮಿನ ಚೌಕಗಳಿಂದ ಬಂದ ಕಣ್ಣಿಗೆ ಅದು ನಮ್ಮ ಕೇರಿಯೇ. ಎಲ್ಲ ಬೀದಿಗೂ ಹೆಸರು, ಕೆಲವಕ್ಕೆ ಎರಡೆರಡು ಭಾಷೆಯಲ್ಲಿ. ಒಂದು ಓಣಿ ಬಾಗಿ ಇನ್ನೊಂದಕ್ಕೆ ಸೇರಿ, ಸೇರಿದಲ್ಲಿ ಬಾವಿಕಟ್ಟೆಯಂಥ ಜಾಗ, ಅಲ್ಲಿ ಕೂತ ಮುದುಕರು. ನಾನು ಕಷ್ಟಪಟ್ಟು ಕಲಿತಿದ್ದ ಜರ್ಮನ್ ಮಾತುಗಳಿಗೆ ಅವರು ಬೇಕೆಂದೇ ಫ್ರೆಂಚಿನಲ್ಲಿ ಉತ್ತರ ಕೊಟ್ಟರು. ದೊಡ್ಡ ಇಗರ್ಜಿ ಕೆಂಪು ಕಲ್ಲಿನದು. ಹತ್ತಿರದಿಂದ ಕಂಡರೆ ನಮ್ಮ ಮುರಕಲ್ಲಿನ ಬಣ್ಣ. ಎರಡು ಗೋಪುರ ಇರಬೇಕಾದಲ್ಲಿ ಒಂದೇ ಇದೆ, ಇನ್ನೊಂದನ್ನು ಕಟ್ಟಲೇ ಇಲ್ಲ.

ಬಾಗಿಲಲ್ಲಿ ನಾನು ನಿಂತುಬಿಟ್ಟೆ.

“ಒಳ್ಗೆ ಬಾ. ಗೊಂಬೆ ಕುಣಿಯು ಗಡಿಯಾರ ಇತ್ತಂಬ್ರ್.”

“ನೀ ಹೋಯ್ ಬಾ. ನಾ ಇಲ್ಲೇ ಕೂಕಂತೆ.”

“ಎಂತಕೆ? ಪಾದ್ರಿ ನಿನ್ನ ಹಿಡ್ಕಂಡ್ ನೀರ್ ಹಾಕ್ತ್ರ್ ಅಂದ್ಹೇಳಿಯಾ?”

ಸೂತಕವಿದ್ದವನು ದೇವರ ಮನೆ ಹೊಗಬಾರದು. ಯಾವ ದೇವರಾದರೇನು. ಹೇಳಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಅವಳು ಹೊರಗೆ ಬಂದು ಕೈಯಾಡಿಸುತ್ತ ವರ್ಣಿಸಿದಳು: ಗಂಟೆ ಹೊಡೆಯುವುದು ಎಲುಬಿನ ಗೊಂಬೆಯಂತೆ, ಅದರ ಮುಂದೆ ಮಗು, ಪ್ರಾಯದವನು, ಮುದುಕ ಎಂದು ಒಬ್ಬೊಬ್ಬರಾಗಿ ಹಾದು ಹೋಗುತ್ತಾರಂತೆ. ನಾನು ಹ್ಞೂಂ ಎಂದೆ.

ಊಟದ ಹೊತ್ತಿಗೆ ತೆಳುವಾದ, ನೀರುಳ್ಳಿ ಹಾಕಿ ಸುಟ್ಟ ರೊಟ್ಟಿ ತರಿಸಿದಳು. ನಾನು ಮುಟ್ಟಲಿಲ್ಲ. ಸೋಮವಾರ ಹಿಡಿದಿದ್ದೇನೆ ಎಂದೆ.

“ಯಾವಾಗಿಂದ? ಹೋದ್ ಸೋಮವಾರ ಕೋಳಿ ತಿಂದಿದ್ದೆ ಅಲ್ದಾ ನೀನ್?”

“ಈ ವಾರದಿಂದ.”

“ಅಕ್ಕಂಗ್ ಹೇಳ್ತೆ ತಡಿ. ನಿನ್ ಮಗ ಸನ್ಯಾಸಿ ಆದ ಅಂದೆಳಿ.” ಅಕ್ಕ ನನ್ನನ್ನು ಮಗ ಎಂದೇ ಕರೆಯುತ್ತಿದ್ದಳು.

ನದಿ ಕವಲಾಗಿ ಹರಿಯುವ ಕಡೆ ಹಳೇ ಕಾಲದಲ್ಲಿ ಚರ್ಮ ಹದಮಾಡುತ್ತಿದ್ದವರ ಮನೆಗಳಿವೆ. ಮರದ ಕಟ್ಟು, ಗೋಡೆ ಇಲ್ಲದ ಅಟ್ಟ. ಅಲ್ಲಿ ತೊಗಲು ಒಣಗಿಸುತ್ತಿದ್ದರಂತೆ. ವಾರಿಜ ತಲೆಯೆತ್ತಿ ಬಹಳ ಹೊತ್ತು ನೋಡಿದಳು. “ಅಕ್ಕನ ಮೀನ್ ಒಣಗ್ಸು ಅಟ್ಟ ಕಂಡಾಂಗೆ ಇತ್ತಲೆ? ಅವ್ಳಿಗೆ ಫೋಟೋ ಕಳ್ಸ್ವ. ಫ್ರಾನ್ಸಿನವ್ರೂ ನಾರು ಜನವೇ ಅಂದೆಳಿ ನಗಾಡ್ತ್ಲ್.” ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸಿಗೆ ಕ್ಯಾಮೆರಾ ಕೊಟ್ಟು, ನನ್ನ ತೋಳು ಹಿಡಿದು, ಜರ್ಮನ್‌ನಲ್ಲಿ ಹೇಳಿದಳು: ಇವನು ನನ್ನ ಅಣ್ಣ.

ಆಗ ಹೇಳಬಹುದಿತ್ತು. ಆಗಲೇ ಹೇಳಲಾಗಲಿಲ್ಲ.

ಅವಳು ಪೋಸ್ಟ್‌ಕಾರ್ಡು ಆರಿಸುವಾಗ ನಾನು ಮೆಟ್ಟಿಲಿಳಿದು ನದಿಯ ಅಂಚಿಗೆ ಹೋದೆ. ಬೊಗಸೆಯಲ್ಲಿ ನೀರೆತ್ತಿ ತಲೆಗೆ ಹಾಕಿಕೊಂಡೆ. ಸತ್ತವರ ಸುದ್ದಿ ಕೇಳಿದವನು ಮಾಡಬೇಕಾದ ಮೊದಲ ಕೆಲಸ ಅದು. ನೀರು ಬಹಳ ತಣ್ಣಗಿತ್ತು. ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಮೇಲಿನಿಂದ ವಾರಿಜ, “ಈ ಚಳಿಯಲ್ಲಿ ಸೆಕೆಯಾ ನಿಂಗೆ?” ಎಂದಳು.

ಸಂಜೆ ಕೇಲ್ ನಿಲ್ದಾಣದಲ್ಲಿ ರೈಲಿಗೆ ಕಾಯುವಾಗ ಹೇಳಿದೆ. ಹೇಗೆ ಶುರುಮಾಡಿದೆನೋ ನೆನಪಿಲ್ಲ. ಅಕ್ಕ ಇಲ್ಲೆ ಎಂದೆ.

“ಯಾರ್ ಹೇಳ್ದ್ರ್?”

“ಸಂಜೀವಣ್ಣ. ಬೆಳಿಗ್ಗೆ ಫೋನ್ ಮಾಡಿದ್ರ್.”

“ಬೆಳಿಗ್ಗೆ?” ಅವಳು ನನ್ನ ಒದ್ದೆ ತಲೆ ನೋಡಿದಳು. “ಹೋದ್ಲ್ ಅಂದೇ ಹೇಳ್ದ್ರಾ?”

“ಹಾಂಗ್ ಯಾರ್ ಹೇಳ್ತ್ರ್? ಹುಷಾರಿಲ್ಲೆ, ಬನ್ನಿ ಅಂದ್ರ್.”

“ನೀ ಕೇಂಡ್ಯಾ?”

ಅವಳು ಪೋಸ್ಟ್‌ಕಾರ್ಡಿನ ಪೊಟ್ಟಣ ಬೆಂಚಿನ ಮೇಲೆ ಬಿಟ್ಟು ಫೋನಿನ ಗೂಡಿಗೆ ಓಡಿದಳು. ಗಾಜಿನ ಹೊರಗೆ ನಿಂತಿದ್ದೆ. ಅವಳ ಬೆನ್ನು ಕಾಣುತ್ತಿತ್ತು. ರಿಸೀವರ್ ಹಿಡಿದುಕೊಂಡೇ ತಿರುಗಿದಳು.

“ಇತ್ತ್ಲ್,” ಎಂದಳು. “ಅಕ್ಕ ಬದ್ಕಿಯೇ ಇತ್ತ್ಲ್. ಮಾತಾಡ್ತ್ಲಂಬ್ರ್. ನಮ್ಮನ್ನೇ ಕೇಂತಿತ್ಲಂಬ್ರ್.”

ನನಗೆ ಸಂತೋಷವಾಗಬೇಕಿತ್ತು. ನನ್ನ ತಲೆ ಇನ್ನೂ ಆರಿರಲಿಲ್ಲ. ಬದುಕಿದ್ದವರ ಹೆಸರಿನಲ್ಲಿ ಹಾಗೆ ನೀರು ಹಾಕಿಕೊಳ್ಳುವುದೆಂದರೆ ನಮ್ಮಲ್ಲಿ ಏನೆಂದು ಗೊತ್ತಲ್ಲ. ಬದ್ಧ ವೈರಿಗೆ ಮಾಡುವ ಕೆಲಸ.

ಆ ದಿನದ ವಿಮಾನಗಳು ಹೋಗಿ ಆಗಿದ್ದವು. ಮಾರನೆಯ ದಿನದ್ದರಲ್ಲಿ ವಾರಿಜ ಒಬ್ಬಳೇ ಹೊರಟಳು. ನನ್ನ ಪಾಸ್‌ಪೋರ್ಟು ಇನ್ನೂ ಸರಕಾರಿ ಆಫೀಸಿನಲ್ಲಿತ್ತು. ಅವಳು ಮುಂಬಯಿಯಲ್ಲಿ ಮಂಗಳೂರಿನ ವಿಮಾನಕ್ಕೆ ಕಾಯುತ್ತಿದ್ದಾಗ ಅಕ್ಕ ತೀರಿಕೊಂಡಳು. ಸೋಮವಾರ ಬೆಳಿಗ್ಗೆ ನಾನು ಬಾಯಿ ಬಿಟ್ಟಿದ್ದರೆ ವಾರಿಜ ಅವಳ ಕೈ ಹಿಡಿದು ಕೂರುತ್ತಿದ್ದಳು. ಇದರಲ್ಲಿ ಸಂಶಯವಿಲ್ಲ, ಎಷ್ಟೋ ಸಲ ಹೊಂದಿಸಿ ನೋಡಿದ್ದೇನೆ.

ಆ ಸಲ ನಾನು ಸೂತಕ ಹಿಡಿಯಲಿಲ್ಲ. ಹೋಟೆಲಿನಲ್ಲಿ ಎಂದಿನಂತೆ ಬೇಯಿಸಿದೆ, ರುಚಿ ನೋಡಿದೆ. ನನ್ನ ಪಾಲಿನದ್ದನ್ನು ಮೊದಲೇ ಮುಗಿಸಿದ್ದೆ.

ವಾರಿಜ ಹಿಂದೆ ಬಂದಮೇಲೆ ನನ್ನ ಕೋಣೆಗೆ ಬಂದಳು. ಬೈಯುತ್ತಾಳೆ ಎಂದು ಕಾದಿದ್ದೆ. ಕೋಟು ಬಿಚ್ಚದೆ ಹಾಸಿಗೆಯ ತುದಿಯಲ್ಲಿ ಕೂತಳು.

“ಸಂಜೀವಣ್ಣ ಒಂದ್ ಮಾತ್ ಹೇಳ್ದ್ರ್. ಅಕ್ಕ ಸೋಮವಾರದಿಂದ ಅದನ್ನೇ ಕೇಂತಿತ್ಲಂಬ್ರ್, ಮಕ್ಳ್ ಹೊರಟ್ರಾ, ಮಕ್ಳ್ ಹೊರಟ್ರಾ ಅಂದೆಳಿ.”

“ಅವ್ರ್ ಎಂತ ಹೇಳ್ದ್ರ್?”

“ಹೊರಟಿದ್ರ್ ಅಂದ್ರಂಬ್ರ್. ಇಬ್ರೂ ಹೊರಟಿದ್ರ್, ದಾರಿಯಲ್ಲಿ ಇದ್ರ್ ಅಂದೆಳಿ. ಅಷ್ಟ್ ಕೇಂಡ್ಕಂಡ್ ಕಣ್ ಮುಚ್ಕಂತಿತ್ಲಂಬ್ರ್.”

ನಾವು ಆಗ ಅಟ್ಟಗಳ ಕೆಳಗೆ ಫೋಟೋ ತೆಗೆಸಿಕೊಳ್ಳುತ್ತಿದ್ದೆವು.

ಅವಳ ಗ್ರೀನ್ ಕಾರ್ಡಿನ ಐದು ವರ್ಷ ಮುಗಿಯುವ ಮೊದಲೇ ವಾರಿಜ ಬೇರೆ ಕೆಲಸ ಹಿಡಿದು ಹ್ಯಾನೋವರ್‌ಗೆ ಹೋದಳು. ಹಬ್ಬಕ್ಕೆ ಫೋನು ಮಾಡುತ್ತಾಳೆ. ಜೊತೆಗಿದ್ದವರಿಗೆ ಕೇಳುವ ಹಾಗೆ ಅಣ್ಣ ಎಂದೇ ಕರೆಯುತ್ತಾಳೆ. ಮಾತು ಬೇಗ ಮುಗಿಯುತ್ತದೆ. ನನಗೀಗ ಈ ಅಕ್ಷರಗಳ ಊರಿನಲ್ಲಿ ದಾರಿ ತಪ್ಪುವುದಿಲ್ಲ. ಗಂಗೊಳ್ಳಿಗೆ ಒಮ್ಮೆಯೂ ಹೋಗಿಲ್ಲ. ಅಲ್ಲಿ ಹೋದರೆ ತಲುಪಿದಂತಾಗುತ್ತದೆ, ತಡವಾಯಿತು ಎಂದು ಒಪ್ಪಿಕೊಂಡಂತಾಗುತ್ತದೆ. ಇಲ್ಲಿಯೇ ನೆಲೆಯಾದೆ ಎನ್ನೋಣವೆಂದರೆ ದಾರಿಯಲ್ಲಿದ್ದಾರೆ ಎಂದು ಅಕ್ಕ ಕೇಳಿಸಿಕೊಂಡು ಕಣ್ಣು ಮುಚ್ಚಿದ ಮಾತು ಸುಳ್ಳಾಗುತ್ತದೆ. ಹೋಟೆಲಿಗೆ ಬರುವ ನಮ್ಮ ಕಡೆಯವರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಊರಿಗೆ ಯಾವಾಗ ಎಂದು ಕೇಳುತ್ತಾರೆ. ಹೊರಟಿದ್ದೇನೆ ಎನ್ನುತ್ತೇನೆ.