ಮೀನಿನ ಬಾಯಿಗೆ ನೀರು

ಮೊನ್ನೆ ಸಾರಿನ ಪುಡಿಗೆಂದು ಧನಿಯಾ ಹುರಿಯುತ್ತಿದ್ದೆ. ಸಿಡ್ನಿಯ ಕೆಲ್ಲಿವಿಲ್‌ನ ಈ ಮನೆಯಲ್ಲಿ ಏನು ಹುರಿಯುವುದಿದ್ದರೂ ಮೊದಲು ಹಿಂಬಾಗಿಲು ತೆರೆಯಬೇಕು, ಇಲ್ಲದಿದ್ದರೆ ಸ್ಮೋಕ್ ಅಲಾರಂ ಬೀದಿಗೆಲ್ಲ ಕೇಳುವಂತೆ ಕೂಗಿಕೊಳ್ಳುತ್ತದೆ. ಅವತ್ತು ಮರೆತೆ. ಅದು ಕೂಗಿತು. ಮಹಡಿಯಿಂದ ಮಗಳೂ "ಅಮ್ಮಾ, ನಾಟ್ ಅಗೇನ್!" ಎಂದು ಕೂಗಿದಳು. ಟವೆಲ್ ಬೀಸಿ ಬೀಸಿ ಅದನ್ನು ಸುಮ್ಮನಾಗಿಸಿ ಒಲೆಯ ಹತ್ತಿರ ಬಂದರೆ ಬಾಣಲೆಯಲ್ಲಿ ಧನಿಯಾ ಒಂದಿಷ್ಟು ಸೀದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಾದದ ಕೆಳಗೆ ಕೆರೆ ದಡದ ಒದ್ದೆ ಮಣ್ಣು ಇದ್ದಂತಾಯಿತು... ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ನೆನಪಾದರು.

ನಾವು ಆಗ ಈ ದೇಶಕ್ಕೆ ಹೊಸಬರು. ಯಜಮಾನರಿಗೆ ವೇರ್‌ಹೌಸಿನಲ್ಲಿ ಶಿಫ್ಟ್ ಕೆಲಸ. ಇಲ್ಲೇ ನೆಲೆಸಲು ಬೇಕಾದ ಪಿಆರ್ ಇನ್ನೂ ಬಂದಿರಲಿಲ್ಲ, ಮಗಳೂ ಹುಟ್ಟಿರಲಿಲ್ಲ. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ನನ್ನ ದೇವರ ಗೂಡು. ಮೆಲ್ಬರ್ನ್‌ನಲ್ಲಿ ಮಳೆ ಕೈಕೊಟ್ಟ ವರ್ಷಗಳವು. ಗಿಡಗಳಿಗೆ ಪೈಪಿನಲ್ಲಿ ನೀರು ಬಿಡುವಂತಿಲ್ಲ ಎಂದು ಸರ್ಕಾರ ಕಟ್ಟುಮಾಡಿತ್ತು. ಬೇಲಿಯಾಚೆಯ ಗುಲಾಬಿ ಗಿಡಗಳು ಬಾಡುವುದನ್ನು ನೋಡಲಾರದೆ ಒಂದು ದಿನ ಅಕ್ಕಿ ತೊಳೆದ ನೀರಿನ ಪಾತ್ರೆಯನ್ನು ಬೇಲಿಯ ಮೇಲಿಂದ ಚಾಚಿದೆ. ಪರಿಚಯ ಶುರುವಾದದ್ದು ಅಲ್ಲಿಂದ.

ಗಂಡನ ಜೊತೆ ಇಂಗ್ಲೆಂಡಿನಿಂದ ಬಂದು ಅವರು ಅರ್ಧ ಆಯುಸ್ಸನ್ನು ಇಲ್ಲೇ ಕಳೆದಿದ್ದರು. ಗಂಡ ತೀರಿಕೊಂಡಿದ್ದರು. ಎಪ್ಪತ್ತು ದಾಟಿದ, ಕಡ್ಡಿಯಂಥ ಹೆಂಗಸು. ನಾನು ಆಂಟಿ ಎಂದರೆ, "ನನ್ನ ಸ್ವಂತ ಅಣ್ಣನ ಮಕ್ಕಳೇ ನನ್ನನ್ನ ಹಾಗೆ ಕರೆಯಲ್ಲ" ಎಂದು ನಗುತ್ತಿದ್ದರು. ನನ್ನನ್ನು ಅವರು ಲವ್ ಎನ್ನುತ್ತಿದ್ದರು. ಅಂಗಡಿಯವನನ್ನೂ, ಪೋಸ್ಟ್‌ಮನ್ನನ್ನೂ ಹಾಗೇ ಕರೆಯುತ್ತಿದ್ದರೆನ್ನಿ, ಅದು ಅವರ ಊರಿನ ವಾಡಿಕೆಯಂತೆ. ಆದರೂ ದಿನವಿಡೀ ಯಾರ ಧ್ವನಿಯೂ ಕೇಳದೆ ಇದ್ದ ನನಗೆ ಆ ಒಂದು ಮಾತು ಪ್ರಸಾದ ಸಿಕ್ಕಂತೆ ಇರುತ್ತಿತ್ತು.

ಒಂದು ಬೆಳಿಗ್ಗೆ ಬೇಲಿಯ ಮೇಲಿಂದ ಖಾಲಿ ಐಸ್‌ಕ್ರೀಮ್ ಡಬ್ಬಿ ಬಂತು, ಅದರ ಹಿಂದೆ ಅವರ ಮುಖ. "ಅದೇನು ಹುರೀತಾ ಇದ್ದೀಯೋ, ಅದು ನನಗೂ ಒಂಚೂರು ಬೇಕು, ಲವ್." ಸೂಪಿಗೋ ಏನೋ ಎಂದುಕೊಂಡು ಧನಿಯಾ ಪುಡಿಯನ್ನೂ ಚಿಟಿಕೆ ಅರಿಶಿನವನ್ನೂ ಕೊಟ್ಟೆ. ಆಮೇಲೆ ಅದು ರೂಢಿಯಾಯಿತು. ಸ್ವಲ್ಪ ಸೀದಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತಿದ್ದರು. ಕೊನೆಗೊಮ್ಮೆ ಅವರ ಗರಾಜಿಗೆ ಹೋದಾಗ ನೋಡುತ್ತೇನೆ, ಬೇಸನ್ನಿನಲ್ಲಿ ಬ್ರೆಡ್ಡಿನ ಪುಡಿಗೆ ನನ್ನ ಧನಿಯಾ ಪುಡಿ ಬೆರೆಸಿ, ನೀರು ಚಿಮುಕಿಸಿ, ನಾವು ತಂಬಿಟ್ಟು ಕಟ್ಟುವ ಹಾಗೆ ಉಂಡೆ ಕಟ್ಟಿ ನೋಡುತ್ತಿದ್ದಾರೆ.

"ಇದು ಯಾರಿಗೆ ಆಂಟಿ?"

"ಮೀನಿಗೆ."

ಮೀನು ಹಿಡಿಯುವ ಪಂದ್ಯವೆಂದು ಒಂದಿದೆ ಎಂದು ನನಗೆ ತಿಳಿದದ್ದೇ ಅವತ್ತು. ಕೆರೆಯ ಸುತ್ತ ಜಾಗಗಳನ್ನು ಗುರುತಿಸಿ ಚೀಟಿ ಎತ್ತುತ್ತಾರೆ. ಬಂದ ಜಾಗದಲ್ಲೇ ಕೂರಬೇಕು. ಸೀಟಿ ಹೊಡೆದಾಗ ಶುರು, ಮತ್ತೆ ಹೊಡೆದಾಗ ಮುಗಿಯಿತು. ಹಿಡಿದ ಮೀನನ್ನೆಲ್ಲ ನೀರಿನೊಳಗೇ ಒಂದು ಉದ್ದನೆಯ ಬಲೆಯಲ್ಲಿಟ್ಟು ಕೊನೆಗೆ ತೂಗುತ್ತಾರೆ. ಅವರ ಬಳಿ ಎರಡು ಬಗೆಯ ಕೋಲು. ಒಂದು ಫೀಡರ್. ದಾರದ ತುದಿಯ ಪುಟ್ಟ ಪಂಜರಕ್ಕೆ ಈ ಹಿಟ್ಟನ್ನು ತುಂಬಿ ದೂರಕ್ಕೆ ಎಸೆದು, ಕೋಲನ್ನು ಸ್ಟ್ಯಾಂಡಿನ ಮೇಲಿಟ್ಟು ತುದಿ ಅಲ್ಲಾಡುವುದನ್ನು ಕಾಯುವುದು. ಇನ್ನೊಂದು ಪೋಲ್. ನಮ್ಮ ಮನೆಯ ಉದ್ದವನ್ನೂ ಮೀರಿದ ಕೋಲು ಅದು. ತುಂಡು ತುಂಡಾಗಿ ಜೋಡಿಸಿ ಕೈಯಲ್ಲೇ ಹಿಡಿದಿರಬೇಕು. ಮೀನು ಸಿಕ್ಕರೆ ಹಿಂದಕ್ಕೆ ಎಳೆದುಕೊಳ್ಳುತ್ತ ಒಂದೊಂದೇ ತುಂಡನ್ನು ಕಳಚುತ್ತ ಬರಬೇಕು. ಪೋಲ್ ಅವರಿಗೆ ಗಂಡ ಕಲಿಸಿದ ವಿದ್ಯೆ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ನಮ್ಮನೆ ಧನಿಯಾ ಎಲ್ಲಾ ಕೆರೆಗೇ ಹೋಗ್ತಿದೆಯೇನೇ? ಒಳ್ಳೇದಾಯ್ತು ಬಿಡು, ಮೀನುಗಳು ಮಸಾಲೆ ಹಚ್ಕೊಂಡೇ ಬರ್ತವೆ" ಎಂದರು. ನನಗೆ ನಗು ಬರಲಿಲ್ಲ. ಚಿಕ್ಕವಳಿದ್ದಾಗ ಅಮ್ಮ ನಮ್ಮೂರ ದೇವಸ್ಥಾನದ ಕಲ್ಯಾಣಿಯ ಮೆಟ್ಟಿಲಲ್ಲಿ ಕೂರಿಸಿ ಮೀನುಗಳಿಗೆ ಪುರಿ ಹಾಕಿಸುತ್ತಿದ್ದಳು. ಭಗವಂತ ಮೊದಲು ಎತ್ತಿದ ರೂಪ ಅದು, ತಿನ್ನಿಸಿದರೆ ಪುಣ್ಯ ಎನ್ನುತ್ತಿದ್ದಳು. ನಾನು ಕೊಟ್ಟ ಪುಡಿ ಗಾಳದ ಜೊತೆ ಹೋಗುತ್ತಿದೆ ಎಂದರೆ ಹೇಗಾಗಬೇಡ! ಮಾರನೆಯ ದಿನ ಧೈರ್ಯ ಮಾಡಿ ಆಂಟಿಯನ್ನು ಕೇಳಿಯೇಬಿಟ್ಟೆ. ಅವರು ಬೇಸರಪಟ್ಟುಕೊಳ್ಳಲಿಲ್ಲ.

"ನಮ್ಮೂರಲ್ಲಿ ಯಾರೂ ಅದನ್ನ ತಿನ್ನಲ್ಲ, ಲವ್. ತೂಗ್ತೀವಿ, ವಾಪಸ್ ನೀರಿಗೆ ಬಿಡ್ತೀವಿ. ಮುಂದಿನ ವಾರ ಅದೇ ಮೀನು, ಅದೇ ನಾವು."

ನನಗೆ ಹೋದ ಉಸಿರು ಬಂತು. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ, ಸುಳ್ಳು ಹೇಳುವವರಲ್ಲ. ಇಲ್ಲಿ ಹಾಗಲ್ಲವಂತೆ. ರೋಚ್ ಎಂಬ ಬೆಳ್ಳನೆಯ ಸಣ್ಣ ಮೀನನ್ನು ಬಿಡಬಹುದು. ಕಾರ್ಪ್ ಎಂಬ ದೊಡ್ಡ ಮೀನು ಸಿಕ್ಕರೆ ಮಾತ್ರ ಜೀವಂತ ಬಿಡುವಂತಿಲ್ಲ. ಹೊರಗಿನಿಂದ ತಂದ ಮೀನು, ಇಲ್ಲಿಯ ಹೊಳೆಗಳನ್ನೆಲ್ಲ ಕೆಡಿಸಿದೆ ಎಂದು ಕಾನೂನೇ ಹಾಗೆ. ಕೊಲ್ಲುವ ಕೆಲಸ ಗಂಡನಿದ್ದಾಗ ಗಂಡನದೇ ಆಗಿತ್ತಂತೆ. ಒಂದೇ ಏಟು. ಆಂಟಿ ಆಗೆಲ್ಲ ಮುಖ ತಿರುಗಿಸಿಕೊಂಡು ಡಬ್ಬಿಗಳನ್ನು ಜೋಡಿಸುತ್ತಿದ್ದರಂತೆ. "ನಾವೂ ಹೊರಗಿನಿಂದ ಬಂದವರೇ, ಅಲ್ವಾ" ಎಂದು ನಕ್ಕರು.

ಅಷ್ಟರಲ್ಲಾಗಲೇ ಅವರ ಕೈಗೆ ನಡುಕ ಹತ್ತಿತ್ತು. ಮೊದಲು ಟೀ ಕಪ್ಪು ತಟ್ಟೆಯ ಮೇಲೆ ಟಕಟಕ ಎನ್ನುತ್ತಿತ್ತು, ಆಮೇಲೆ ಅಂಗಿಯ ಗುಂಡಿ ಹಾಕಲು ನನ್ನನ್ನು ಕರೆಯುವಂತಾಯಿತು. ನಡುಕದ ರೋಗ, ಹೆಚ್ಚುತ್ತಲೇ ಹೋಗುತ್ತದೆ ಎಂದರು ಡಾಕ್ಟರು. ಸಿಡ್ನಿಯಲ್ಲಿದ್ದ ಆಂಟಿಯ ಮಗಳು ಬಂದು ಮನೆ ಮಾರುವ ಏರ್ಪಾಡು ಮಾಡಿ, ಅಮ್ಮನನ್ನು ತನ್ನ ಬಳಿ ಕರೆದೊಯ್ಯುವುದಾಗಿ ಹೇಳಿಹೋದಳು. ಅದಕ್ಕೆ ಮುಂಚೆ ಒಂದು ಪಂದ್ಯವಿತ್ತು. ಕ್ಲಬ್ಬಿನವರು, ಫೀಡರ್ ಹಾಕಿ ಆರಾಮಾಗಿ ಕೂತುಕೋ, ಸ್ಟ್ಯಾಂಡೇ ಹಿಡಿದುಕೊಳ್ಳುತ್ತದೆ ಎಂದರಂತೆ. ಆಂಟಿಗೆ ಅದು ಬೇಡ. ಕೊನೆಯ ಸಲ ಪೋಲ್‌ನಲ್ಲಿ ಒಂದೇ ಒಂದು ಮೀನು, ತನ್ನ ಕೈಯಾರೆ. ಅಷ್ಟೇ ಅವರ ಆಸೆ.

ಭಾನುವಾರ ಯಜಮಾನರು ನಮ್ಮ ಹಳೇ ಕಾರಿನಲ್ಲಿ ಕರೆದುಕೊಂಡು ಹೋದರು. ಪೋಲಿನ ಚೀಲ ಕಿಟಕಿಯಿಂದ ಹೊರಗೆ ಚಾಚಿತ್ತು. ಕೆರೆ ಬತ್ತಿ ಬತ್ತಿ ನಡುವೆ ಉಳಿದುಕೊಂಡಿತ್ತು. ದಡದಿಂದ ನೀರಿಗೆ ಬಿರುಕುಬಿಟ್ಟ ಕೆಸರಿನ ಮೇಲೆ ನಡೆದು ಹೋಗಬೇಕು. ಸಾಮಾನನ್ನೆಲ್ಲ ನಾವು ಹೊತ್ತು ತಂದಿಟ್ಟೆವು. ಸೀಟಿಗೆ ಮುಂಚೆ ಕ್ಲಬ್ಬಿನ ಹಿರಿಯರೊಬ್ಬರು ಬಂದು ನನಗೆ ತಿಳಿಹೇಳಿದರು. ಇನ್ನು ಮೇಲೆ ಬೇರೆಯವರು ಕೋಲನ್ನಾಗಲಿ ಬಲೆಯನ್ನಾಗಲಿ ಮುಟ್ಟಿದರೆ ಆ ಮೀನು ಲೆಕ್ಕಕ್ಕಿಲ್ಲ.

"ಕೈ ಕಟ್ಕೊಂಡು ಕೂತಿರು, ಲವ್. ನಿನಗೆ ಪೂಜೇಲಿ ಅಭ್ಯಾಸ ಇದೆಯಲ್ಲ" ಎಂದರು ಆಂಟಿ.

ಕೂತೆ. ಕ್ಲಬ್ಬಿನವರ ಮನಸ್ಸಿಗೆಂದು ಅವರು ಮೊದಲು ಫೀಡರ್ ಹಾಕಿದರು, ಏನೂ ಬೀಳಲಿಲ್ಲ. ಆಮೇಲೆ ಪೋಲ್ ಎತ್ತಿಕೊಂಡರು. ಆ ಉದ್ದದ ಕೋಲಿನಲ್ಲಿ ಕೈಯ ಸಣ್ಣ ನಡುಕ ತುದಿಗೆ ಹೋಗುವಷ್ಟರಲ್ಲಿ ಎಷ್ಟು ದೊಡ್ಡದಾಗುತ್ತಿತ್ತೆಂದರೆ, ನೀರಿನ ಮೇಲಿನ ಬೆಂಡು ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. ಗಾಳಕ್ಕೆ ಹುಳ ಸಿಕ್ಕಿಸಲು ಹೋಗಿ ಬೆರಳಿಗೇ ಚುಚ್ಚಿಕೊಂಡರು. ಮುಟ್ಟುವಂತಿಲ್ಲ, ಒರೆಸುವಂತಿಲ್ಲ. ಪ್ರಾರ್ಥನೆ ಮಾಡೋಣವೆಂದರೆ ಅದೂ ಕಷ್ಟ. ಮೀನು ಸಿಗಲಿ ಎಂದು ಯಾವ ಬಾಯಲ್ಲಿ ಬೇಡಲಿ? ಸಿಗದಿರಲಿ ಎಂದು ಯಾವ ಬಾಯಲ್ಲಿ ಬೇಡಲಿ? ಕೊನೆಗೆ, ನಾರಾಯಣಾ, ಬಿಡಬಹುದಾದ ಮೀನನ್ನೇ ಕೊಡು, ಒಂದು ಸಣ್ಣ ರೋಚ್ ಸಾಕು ಎಂದು ಕೇಳಿಕೊಂಡೆ. ಅಷ್ಟು ಸಣ್ಣದನ್ನು ಕೇಳಿದ ಮೇಲೆ ಕೊಡದೆ ಇರುತ್ತಾನೆಯೇ ಎಂದುಕೊಂಡೆ.

ಪಂದ್ಯ ಮುಗಿಯುವ ಹೊತ್ತಿಗೆ ಬೆಂಡು ಮುಳುಗಿತು. ಪೋಲ್ ಬಿಲ್ಲಿನಂತೆ ಬಾಗಿತು. ಆಂಟಿ ಎದ್ದು ನಿಲ್ಲಲು ಹೋಗಿ ಮತ್ತೆ ಕೂತರು. ಒಂದೊಂದೇ ತುಂಡು ಕಳಚುತ್ತ, ಕಳಚಲಾಗದೆ ಮೊಣಕಾಲಿನ ನಡುವೆ ಒತ್ತಿಹಿಡಿಯುತ್ತ, ಬಾಯಲ್ಲಿ ಏನೇನೋ ಬೈಯುತ್ತ... ಮೀನನ್ನು ಎತ್ತಿಕೊಳ್ಳುವ ಕೈಬಲೆ ಜಾರಿ ಅವರ ಕೈಗೆಟುಕದಷ್ಟು ದೂರ ಹೋಯಿತು. ನಾನು ಬಗ್ಗಿದ್ದರೆ ಸಾಕಿತ್ತು. "ಮುಟ್ಟಬೇಡ!" ಎಂದರು, ತಿರುಗಿಯೂ ನೋಡದೆ. ಕಾಲಿನಿಂದ ಅದನ್ನು ಅವರೇ ಎಳೆದುಕೊಂಡರು. ನಾನು ಸೆರಗಿನ ತುದಿಯನ್ನು ಹಿಡಿದು ಕೂತಿದ್ದೆ. ಬಲೆಗೆ ಬಿದ್ದದ್ದು ಹಳದಿ ಹೊಳಪಿನ, ತೋಳುದ್ದದ ಮೀನು. ಅಕ್ಕಪಕ್ಕದವರೆಲ್ಲ ಚಪ್ಪಾಳೆ ತಟ್ಟಿದರು. ಆಂಟಿ ನನ್ನ ಕಡೆ ತಿರುಗಿದರು. ಮುಖದಲ್ಲಿ ಹುಡುಗಿಯ ಹಾಗೆ ನಗು. ಆಮೇಲೆ ಆ ನಗು ನಿಧಾನವಾಗಿ ಇಳಿಯಿತು.

ಅದು ಕಾರ್ಪ್.

ತೂಗಿ ಆಯಿತು. ಗೆದ್ದವರು ಬೇರೆ ಯಾರೋ, ಅದು ಬೇಕಾಗಿಯೂ ಇರಲಿಲ್ಲ. ಹುಲ್ಲಿನ ಮೇಲೆ ಆ ಮೀನು ಬಾಯಿ ತೆರೆಯುತ್ತ ಮುಚ್ಚುತ್ತ ಬಿದ್ದಿತ್ತು. ಆಂಟಿ ಗಂಡನ ಗಿಡ್ಡ ದೊಣ್ಣೆಯನ್ನು ಕೈಗೆತ್ತಿಕೊಂಡರು. ಕೈ ನಡುಗಿತು. ಎರಡೂ ಕೈಯಲ್ಲಿ ಹಿಡಿದರು, ಆಗಲೂ ನಡುಗಿತು. "ಅರೆಬರೆ ಏಟು ಬಿದ್ದರೆ ಅದಕ್ಕೆ ಇನ್ನೂ ಹಿಂಸೆ" ಎಂದು ದೊಣ್ಣೆಯನ್ನು ಆ ಹಿರಿಯರ ಕೈಗೆ ಕೊಟ್ಟರು. ಈ ಸಲ ಮುಖ ತಿರುಗಿಸಲಿಲ್ಲ.

ನನ್ನ ಬಾಯಿಂದ "ಒಂದು ನಿಮಿಷ" ಎಂದು ಹೇಗೆ ಬಂತೋ ತಿಳಿಯದು. ಸಾಯುವ ಜೀವದ ಬಾಯಿಗೆ ನೀರು ಬಿಡದೆ ಕಳಿಸಬಾರದು ಎಂದು ಅಮ್ಮ ಹೇಳುತ್ತಿದ್ದಳು. ಅಜ್ಜಿಗೆ ನಾನೇ ಬಿಟ್ಟಿದ್ದೆ. ಚೀಲದಿಂದ ನೀರಿನ ಬಾಟಲಿ ತೆಗೆದು, ಬಗ್ಗಿ, ಆ ತೆರೆದ ಬಾಯಿಗೆ ಒಂದಿಷ್ಟು ನೀರು ಹಾಕಿ ನಾರಾಯಣ ಎಂದೆ.

"ಅದು ಹುಟ್ಟಿದಾಗಿಂದ ಕುಡೀತಾನೇ ಇದೆಯಲ್ಲಮ್ಮಾ" ಎಂದು ಯಾರೋ ನಕ್ಕರು.

"ಬಾಯಿ ಮುಚ್ಚು. ಅವಳು ಮುಗಿಸಲಿ" ಎಂದರು ಆಂಟಿ.

ನಾನು ಮುಗಿಸಿ ಎದ್ದು ಪಕ್ಕಕ್ಕೆ ಸರಿದೆ. ಒಂದೇ ಏಟು. ಮನೆಯ ಮುಂದೆ ಕಾರಿನಿಂದ ಇಳಿಯುವಾಗ ಆಂಟಿ, "ಪೋಲ್‌ನಲ್ಲೇ ಹಿಡಿದೆ, ನೋಡಿದೆಯಲ್ಲ" ಎಂದರು. ನೋಡಿದೆ ಆಂಟಿ ಎಂದೆ. ದೇವರು ಅಷ್ಟನ್ನಾದರೂ ಕೊಟ್ಟನಲ್ಲ ಎಂದುಕೊಂಡು ದೀಪ ಹಚ್ಚಿದೆ. ಉಳಿದದ್ದನ್ನು ಅವನ ಬಳಿ ಕೇಳುವ ಧೈರ್ಯವಾಗಲಿಲ್ಲ.

ಅವರು ಸಿಡ್ನಿಗೆ ಹೋದರು. ಕೆಲವು ವರ್ಷದ ಮೇಲೆ ಯಜಮಾನರ ಕೆಲಸದ ದೆಸೆಯಿಂದ ನಾವೂ ಇಲ್ಲಿಗೇ ಬಂದೆವು. ಅದೂ ಒಂದು ದಯೆಯೇ. ಅವರ ಮಗಳಿಗೆ ಫೋನ್ ಮಾಡಿ ವಿಳಾಸ ಕೇಳಿದರೆ ನರ್ಸಿಂಗ್ ಹೋಮ್ ಎಂದಳು. ಹೋದೆ. ಕುರ್ಚಿಯಲ್ಲಿ ದಿಂಬುಗಳ ನಡುವೆ ಕೂತಿದ್ದರು. ಕೈ ನಡುಗುವುದೂ ಕಡಿಮೆಯಾಗಿತ್ತು, ಮೈಯೇ ಬಿಗಿದುಕೊಂಡಿತ್ತು. ನನ್ನ ಗುರುತು ಹತ್ತಿತು. ತುಂಬ ಹೊತ್ತಿನ ಮೇಲೆ ತುಟಿ ಅಲ್ಲಾಡಿತು. ಕಿವಿಯಿಟ್ಟು ಕೇಳಿದೆ. ನೀರು ಎಂದರು.

ಚೀಲದಲ್ಲಿ ಬಾಟಲಿಯಿತ್ತು. ಆದರೆ ಹಾಸಿಗೆಯ ಮೇಲ್ಗಡೆ ಗೋಡೆಗೆ ದೊಡ್ಡ ಅಕ್ಷರದ ಬೋರ್ಡು, ತೆಳು ನೀರು ಕೊಡಬಾರದು ಎಂದು. ನುಂಗಲು ಆಗುವುದಿಲ್ಲವಂತೆ, ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದಂತೆ. ನರ್ಸು ಪುಡಿ ಬೆರೆಸಿ ಗಂಜಿಯ ಹಾಗೆ ಗಟ್ಟಿ ಮಾಡಿದ ನೀರನ್ನು ಚಮಚದಲ್ಲಿ ತಂದಳು. ಆಂಟಿ ಬಾಯಿ ಮುಚ್ಚಿಕೊಂಡರು. ಅವರ ಕಣ್ಣು ನನ್ನ ಚೀಲದ ಮೇಲೇ ಇತ್ತು. ಕೈ ಕಟ್ಟಿಕೊಂಡು ಕೂತೆ. ಇಲ್ಲೂ ಮುಟ್ಟುವಂತಿಲ್ಲ...

ನನ್ನ ಮುಖ ನೋಡಿಯೋ ಏನೋ, ನರ್ಸು ಕಡ್ಡಿಯ ತುದಿಗೆ ಸ್ಪಂಜಿನ ಚೂರು ಇದ್ದದ್ದನ್ನು ಕೊಟ್ಟು, ಇದರಲ್ಲಿ ತುಟಿಯನ್ನಷ್ಟೇ ಒದ್ದೆ ಮಾಡಬಹುದು ಎಂದಳು. ಅದನ್ನು ಅದ್ದಿ, ಹಿಂಡಿ, ತುಟಿಗೆ ಸವರಿದೆ. ನನಗೇ ತಿಳಿಯದೆ ನಾರಾಯಣ ಎಂದಿರಬೇಕು. ಆಂಟಿಯ ಕಣ್ಣು ಮಿಂಚಿತು. ಬಿಗಿದ ಮುಖದೊಳಗಿಂದ ನಗು ಹೊರಗೆ ಬರಲು ಒದ್ದಾಡಿತು.

"ನಾನು... ಕಾರ್ಪ್ ಅಲ್ಲ, ಲವ್."

ನಾನೂ ನಕ್ಕೆ. ಅವರ ನಗು ಕೆಮ್ಮಾಯಿತು. ನರ್ಸು ಓಡಿಬಂದು ನನ್ನನ್ನು ಹೊರಗೆ ನಿಲ್ಲಿಸಿದಳು. ಮುಂದಿನ ವಾರ ಹೋಗಬೇಕೆಂದು ಸಿದ್ಧಳಾಗುತ್ತಿದ್ದಾಗ ಅವರ ಮಗಳ ಫೋನ್ ಬಂತು. ನಿದ್ದೆಯಲ್ಲೇ ಹೋದರಂತೆ. ಯಾರೂ ಹತ್ತಿರವಿರಲಿಲ್ಲವಂತೆ. ಗುರುತಿಲ್ಲದ ಒಂದು ಮೀನಿಗೆ ಬಿಟ್ಟಷ್ಟು ನೀರನ್ನು ಅವರಿಗೆ ಬಿಡಲಾಗಲಿಲ್ಲ. ತುಟಿ ಒದ್ದೆ ಮಾಡಿದ್ದೆನಲ್ಲ, ಅಷ್ಟಾದರೂ ಆಯಿತಲ್ಲ ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಕೆಲವು ದಿನ ಅದು ಸಾಕಾಗುತ್ತದೆ, ಕೆಲವು ದಿನ ಸಾಕಾಗುವುದಿಲ್ಲ.

ಮೊನ್ನೆ ಆ ಸೀದ ಧನಿಯಾ ಸಾರಿಗೆ ಬರುವಂತಿರಲಿಲ್ಲ. ಎಸೆಯಲು ಮನಸ್ಸಾಗಲಿಲ್ಲ. ಕುಟ್ಟಿ ಪುಡಿ ಮಾಡಿ, ತಟ್ಟೆಯಲ್ಲಿ ಹರಡಿಕೊಂಡು, ಹಿಂಬಾಗಿಲು ತೆರೆದು ಹೊರಗೆ ಬಂದು ನಿಂತೆ. ಇಲ್ಲಿಯ ಬೇಲಿ ನನ್ನ ತಲೆಗಿಂತ ಎತ್ತರ. ವಾಸನೆ ಅದನ್ನೂ ದಾಟಿ ಹೋಗುತ್ತಿತ್ತು. ಸ್ವಲ್ಪ ಹೊತ್ತು ಕಾದೆ... ಆಚೆಯಿಂದ ಯಾರೂ ಐಸ್‌ಕ್ರೀಮ್ ಡಬ್ಬಿ ಚಾಚಲಿಲ್ಲ.